ಪುಟ್ಟ ಕಣ್ಣಿನೊಳಗಿನ ರೆಟಿನಾ: ಕನ್ನಡಕ ಹಾಕಿದರೂ ದೃಷ್ಟಿ ಪೂರ್ತಿ ಯಾಕೆ ಬರುವುದಿಲ್ಲ?

ಆಗ ತಾನೇ ಹುಟ್ಟಿದ ಮಗುವಿನ ಕಣ್ಣನ್ನು ಮುಂದಿನಿಂದ ಹಿಂದಕ್ಕೆ ಅಳೆದರೆ ಸುಮಾರು 17 ಮಿಲಿಮೀಟರ್ ಇರುತ್ತದೆ. ದೊಡ್ಡವರಾಗುವ ಹೊತ್ತಿಗೆ ಅದು 23–24 ಮಿಲಿಮೀಟರ್ ಮುಟ್ಟುತ್ತದೆ. ಆದರೆ ಕೆಲವೇ ಕೆಲವರಲ್ಲಿ ಈ ಬೆಳವಣಿಗೆ ಅಷ್ಟಾಗಿ ನಡೆಯುವುದೇ ಇಲ್ಲ. ವಯಸ್ಸು ಮೂವತ್ತು ದಾಟಿದರೂ ಕಣ್ಣು ಎಳೆಮಗುವಿನ ಅಳತೆಯಲ್ಲೇ ನಿಂತಿರುತ್ತದೆ. ಕಣ್ಣಿನ ರಚನೆ ಮೇಲ್ನೋಟಕ್ಕೆ ಸರಿಯಾಗೇ ಇದ್ದು, ಇಡೀ ಕಣ್ಣು ಚಿಕ್ಕದಾಗಿದ್ದರೆ ಅದಕ್ಕೆ ನ್ಯಾನೋಫ್ತಾಲ್ಮೋಸ್ ಅನ್ನುತ್ತಾರೆ. ಮುಂಭಾಗ ಮಾಮೂಲಿಯಾಗಿದ್ದು ಹಿಂಭಾಗ ಮಾತ್ರ ಗಿಡ್ಡವಾಗಿದ್ದರೆ ಪೋಸ್ಟೀರಿಯರ್ ಮೈಕ್ರೋಫ್ತಾಲ್ಮೋಸ್. ಇವೆರಡೂ ಹತ್ತಿರದ ನೆಂಟರು, ಹಲವು ಸಲ ಎರಡಕ್ಕೂ ಕಾರಣ ಒಂದೇ ಜೀನ್.

ಇಂಥ ಕಣ್ಣಿನಲ್ಲಿ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮತ್ತು ಲೆನ್ಸ್ ಹೆಚ್ಚುಕಡಿಮೆ ಸರಿಯಾಗೇ ಇರುತ್ತವೆ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಡಿಯುವ ಪದರವಾದ ರೆಟಿನಾ ಮಾತ್ರ ಅವುಗಳಿಗೆ ತೀರಾ ಹತ್ತಿರ ಬಂದಿರುತ್ತದೆ. ಹಾಗಾಗಿ ಬಿಂಬ ರೆಟಿನಾದ ಹಿಂದೆಲ್ಲೋ ಮೂಡಬೇಕಾಗುತ್ತದೆ. ಕನ್ನಡಕದ ಪವರ್ +8ರಿಂದ +25ರವರೆಗೂ ಹೋಗಬಹುದು. ಶಾಲೆಯಲ್ಲಿ ಸೋಡಾಬುಡ್ಡಿ ಅನ್ನಿಸಿಕೊಳ್ಳುವ ಮಕ್ಕಳಲ್ಲಿ ಇವರೂ ಇರುತ್ತಾರೆ. ದಪ್ಪ ಪ್ಲಸ್ ಗಾಜು ಕಣ್ಣನ್ನು ದೊಡ್ಡದು ಮಾಡಿ ತೋರಿಸುವುದರಿಂದ, ಎದುರಿಗಿರುವವರಿಗೆ ಈ ಕಣ್ಣು ಚಿಕ್ಕದು ಅಂತ ಗೊತ್ತೇ ಆಗುವುದಿಲ್ಲ. ಇನ್ನೊಂದು ವಿಷಯವನ್ನು ಪೋಷಕರು ಮತ್ತು ಮೇಷ್ಟ್ರುಗಳು ಗಮನಿಸಬೇಕು. ಕನ್ನಡಕ ಸಿಗದ ಇಂಥ ಮಗು ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತದೆ. ಅಕ್ಷರ ಮಸುಕಾದರೂ ದೊಡ್ಡದಾಗಿ ಕಾಣುತ್ತದಲ್ಲ, ಅದಕ್ಕೆ. ನೋಡಿದವರು ಮೈನಸ್ ಪವರ್ ಇರಬೇಕು ಅಂದುಕೊಳ್ಳುತ್ತಾರೆ. ಇರುವುದು ಅದಕ್ಕೆ ತದ್ವಿರುದ್ಧ.

ಸರಿಯಾದ ಕನ್ನಡಕ ಕೊಟ್ಟ ಮೇಲೂ ಇವರಲ್ಲಿ ಹಲವರಿಗೆ ಚಾರ್ಟಿನ ಕೊನೆಯ ಸಾಲುಗಳು ಓದಲು ಬರುವುದಿಲ್ಲ. ಯಾಕೆ? ಬಹಳ ಕಾಲ ಇದಕ್ಕೆ ಸಿದ್ಧವಾಗಿದ್ದ ಉತ್ತರ ಸೋಮಾರಿ ಕಣ್ಣು. ಚಿಕ್ಕಂದಿನಲ್ಲಿ ಸ್ಪಷ್ಟ ಬಿಂಬ ಸಿಗದೆ ಮಿದುಳು ನೋಡುವುದನ್ನು ಸರಿಯಾಗಿ ಕಲಿಯಲಿಲ್ಲ ಅನ್ನುವ ವಿವರಣೆ. ಅದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಆ ಅರ್ಧ ಸತ್ಯದಿಂದ ಎಷ್ಟೋ ತಂದೆತಾಯಿ ತಮ್ಮಿಂದಲೇ ತಡವಾಯಿತು ಅಂತ ಕೊರಗಿದ್ದಾರೆ.

ಪ್ಲಸ್ ಪವರ್‌ನ ಕಣ್ಣು ಗಿಡ್ಡ ಕಣ್ಣು ಅನ್ನುವುದು ಹೊಸ ತಿಳಿವಳಿಕೆಯಲ್ಲ. ನೆದರ್ಲೆಂಡ್ಸಿನ ಡಾಂಡರ್ಸ್ 1864ರಲ್ಲೇ ಇದನ್ನು ವಿವರಿಸಿದ್ದರು. ಆದರೆ ಬದುಕಿರುವ ಮನುಷ್ಯನ ಕಣ್ಣಿನ ಉದ್ದವನ್ನು ಸುಲಭವಾಗಿ ಅಳೆಯಲು 1950ರ ದಶಕದಲ್ಲಿ ಅಲ್ಟ್ರಾಸೌಂಡ್ ಬರಬೇಕಾಯಿತು. ಆಮೇಲೂ ವೈದ್ಯರ ಗಮನ ರೆಟಿನಾದ ಕಡೆ ಹೋಗಲಿಲ್ಲ. ಅದಕ್ಕಿಂತ ದೊಡ್ಡ ಗಂಡಾಂತರ ಕಣ್ಣೆದುರೇ ಇತ್ತು. ಈ ಕಣ್ಣುಗಳಿಗೆ ಪೊರೆಯ ಅಥವಾ ಗ್ಲಾಕೋಮಾದ (ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಏರಿ ನರ ಕೆಡುವ ಕಾಯಿಲೆ) ಆಪರೇಷನ್ ಮಾಡಿದರೆ ಕೆಲವು ಸಲ ಒಳಪದರಗಳ ನಡುವೆ ನೀರು ತುಂಬಿ, ರೆಟಿನಾ ಕಳಚಿ, ಇದ್ದ ದೃಷ್ಟಿಯೂ ಹೋಗುತ್ತಿತ್ತು. ಬಾಸ್ಟನ್ನಿನ ರಾಬರ್ಟ್ ಬ್ರಾಕ್‌ಹರ್ಸ್ಟ್ 1970ರ ದಶಕದಲ್ಲಿ ಇದನ್ನು ಪುಟ್ಟ ಕಣ್ಣಿಗೇ ಸೇರಿದ ತೊಂದರೆ ಅಂತ ಗುರುತಿಸಿದರು. ಈ ಕಣ್ಣುಗಳ ಬಿಳಿ ಗೋಡೆ, ಅಂದರೆ ಸ್ಕ್ಲೀರಾ, ತುಂಬಾ ದಪ್ಪ. ರಕ್ತನಾಳಗಳು ಅದರಲ್ಲಿ ಸಿಕ್ಕಿಕೊಂಡು ರಕ್ತ ಸರಾಗವಾಗಿ ಹೊರಹೋಗಲ್ಲ ಅನ್ನುವುದು ಅವರ ವಾದ. 1983ರಲ್ಲಿ ಮಯಾಮಿಯ ಡೊನಾಲ್ಡ್ ಗ್ಯಾಸ್, ರಕ್ತನಾಳ ಮುಟ್ಟುವುದೇ ಬೇಡ, ಸ್ಕ್ಲೀರಾದಲ್ಲಿ ಕಿಟಕಿಯಂತೆ ತೆಳು ಜಾಗ ಮಾಡಿದರೆ ನೀರು ತಾನೇ ಹೊರಹೋಗುತ್ತದೆ ಅಂತ ತೋರಿಸಿದರು. ಆ ವಿಧಾನ ಇವತ್ತಿಗೂ ಬಳಕೆಯಲ್ಲಿದೆ.

ಇದೇ ಹೊತ್ತಿನಲ್ಲಿ ರೆಟಿನಾ ನೋಡಿದವರಿಗೆ ಒಂದು ವಿಚಿತ್ರ ಕಾಣತೊಡಗಿತು. ದೃಷ್ಟಿಯ ಕೇಂದ್ರವಾದ ಮ್ಯಾಕ್ಯುಲಾದಿಂದ ಕಣ್ಣಿನ ನರದ ಕಡೆಗೆ ಅಡ್ಡಲಾಗಿ ಒಂದು ಮಡಿಕೆ. 1975ರಲ್ಲೂ 1983ರಲ್ಲೂ ಇದರ ಬಗ್ಗೆ ವರದಿಗಳು ಬಂದವು. ಸ್ಕ್ಲೀರಾ ಬೆಳೆಯುವುದನ್ನು ನಿಲ್ಲಿಸಿದರೂ ರೆಟಿನಾ ತನ್ನ ಪಾಡಿಗೆ ಬೆಳೆಯುತ್ತಾ ಹೋಯಿತು, ಅದಕ್ಕೇ ಈ ಮಡಿಕೆ ಅನ್ನುವುದು ವೈದ್ಯರ ಊಹೆ. ಚಿಕ್ಕ ಮಂಚಕ್ಕೆ ದೊಡ್ಡ ಬೆಡ್‌ಶೀಟ್ ಹಾಸಿದರೆ ನಡುವೆ ಮುದುರುತ್ತದಲ್ಲ, ಹಾಗೆ. 1991ರಲ್ಲಿ ಓಸಿಟಿ ಸ್ಕ್ಯಾನ್ ಬಂದು, ರೆಟಿನಾವನ್ನು ಪದರ ಪದರವಾಗಿ ಅಡ್ಡ ಸೀಳಿ ನೋಡಿದಂಥ ಚಿತ್ರಗಳು ಸಿಗತೊಡಗಿದ ಮೇಲೆ ಈ ಊಹೆಗೆ ಬಲ ಬಂತು. ಚಿತ್ರದಲ್ಲಿ ಮೇಲಿನ ರೆಟಿನಾ ಮಾತ್ರ ಉಬ್ಬಿ ಮಡಿಚಿಕೊಂಡಿತ್ತು. ಅದರ ಕೆಳಗಿನ ಬಣ್ಣದ ಪದರ ಸಪಾಟಾಗೇ ಇತ್ತು.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಫೋವಿಯಾದ ಕಥೆ. ರೆಟಿನಾದ ನಟ್ಟನಡುವೆ ಒಂದು ಪುಟ್ಟ ಗುಂಡಿ ಇರುತ್ತದೆ, ಅದೇ ಫೋವಿಯಾ. ಅಲ್ಲಿ ಒಳಪದರಗಳು ಪಕ್ಕಕ್ಕೆ ಸರಿದಿರುತ್ತವೆ. ರಕ್ತನಾಳಗಳೂ ಸುಮಾರು ಅರ್ಧ ಮಿಲಿಮೀಟರ್ ಜಾಗ ಬಿಟ್ಟು ಸುತ್ತುವರಿದು ನಿಲ್ಲುತ್ತವೆ. ಬಣ್ಣ ಮತ್ತು ಸೂಕ್ಷ್ಮ ವಿವರ ಗುರುತಿಸುವ ಕೋನ್ ಕೋಶಗಳು ಅಲ್ಲಿ ತೆಳ್ಳಗಾಗಿ, ಒತ್ತೊತ್ತಾಗಿ ಕೂತಿರುತ್ತವೆ. ನಾವು ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಈ ಜಾಗದಿಂದಲೇ. ಗರ್ಭದಲ್ಲಿ ಶುರುವಾಗುವ ಈ ಕೆಲಸ ಹುಟ್ಟಿದ ಮೇಲೂ ಕೆಲವು ವರ್ಷ ನಡೆಯುತ್ತದೆ. ಪುಟ್ಟ ಕಣ್ಣುಗಳಲ್ಲಿ ಅದು ಎಷ್ಟೋ ಸಲ ಅರ್ಧಕ್ಕೇ ನಿಂತಿರುತ್ತದೆ. 1998 ಮತ್ತು 2007ರ ವರದಿಗಳಲ್ಲಿ ರಕ್ತನಾಳವಿಲ್ಲದ ಆ ಖಾಲಿ ಜಾಗ ತೀರಾ ಕಿರಿದಾಗಿರುವುದು, ಕೆಲವರಲ್ಲಿ ಇಲ್ಲವೇ ಇಲ್ಲದಿರುವುದು ದಾಖಲಾಯಿತು. ಓಸಿಟಿಯಲ್ಲಿ ಗುಂಡಿ ಇರಬೇಕಾದ ಕಡೆ ದಪ್ಪನೆಯ, ಸಮತಟ್ಟಾದ ರೆಟಿನಾ ಕಾಣುತ್ತದೆ. ಅಂದರೆ ಸೋಮಾರಿ ಕಣ್ಣು ಅಂತ ಸುಮ್ನೆ ಹೇಳಿಬಿಡುತ್ತಿದ್ದ ಎಷ್ಟೋ ಕಡೆ ಕೇಂದ್ರವೇ ಬೇರೆ ಥರ ರೂಪುಗೊಂಡಿತ್ತು.

ಹಾಗಾದರೆ ಗುಂಡಿ ಇಲ್ಲದಿದ್ದರೆ ದೃಷ್ಟಿಯೇ ಇಲ್ಲವೇ? ಅದೂ ತಪ್ಪು. 2008ರಲ್ಲಿ ಸ್ಟ್ಯಾನ್‌ಫರ್ಡಿನ ಮೈಕೇಲ್ ಮಾರ್ಮರ್ ಮತ್ತು ಸಂಗಡಿಗರು ಗುಂಡಿ ಇಲ್ಲದಿದ್ದರೂ ಚೆನ್ನಾಗಿ ನೋಡಬಲ್ಲವರನ್ನು ಪರೀಕ್ಷಿಸಿದರು. ಅವರದು ಪುಟ್ಟ ಕಣ್ಣಿನ ಅಧ್ಯಯನವಲ್ಲ, ಆದರೆ ಪಾಠ ಇಲ್ಲಿಗೂ ಹೊಂದುತ್ತದೆ. ಗುಂಡಿಗಿಂತ ಮುಖ್ಯ, ಕೆಳಗಿನ ಕೋನ್‌ಗಳು ಎಷ್ಟು ಚೆನ್ನಾಗಿ ಬೆಳೆದಿವೆ ಅನ್ನುವುದು. 2011ರಲ್ಲಿ ಇಂಗ್ಲೆಂಡಿನ ಲೆಸ್ಟರ್ ತಂಡ ಇದೇ ದಾರಿಯಲ್ಲಿ ಫೋವಿಯಾದ ಅರೆಬೆಳವಣಿಗೆಗೆ ದರ್ಜೆಗಳನ್ನು ಕೊಟ್ಟಿತು. ದರ್ಜೆ ನೋಡಿ ದೃಷ್ಟಿ ಎಷ್ಟರಮಟ್ಟಿಗೆ ಸಿಗಬಹುದು ಅಂತ ಅಂದಾಜು ಮಾಡಬಹುದು. ಒಂದು ಸ್ಕ್ಯಾನ್ ನೋಡಿ "ಇನ್ನು ಕನ್ನಡಕದಿಂದ ಪ್ರಯೋಜನವಿಲ್ಲ" ಅಂತ ಕೈಚೆಲ್ಲುವುದು ಮಗುವಿಗೆ ಮಾಡುವ ಅನ್ಯಾಯ. ರಚನೆಯಿಂದ ಬಂದ ಕೊರತೆ ಉಳಿಯಬಹುದು. ಅದರ ಮೇಲೆ ಸೋಮಾರಿ ಕಣ್ಣಿನ ಕೊರತೆಯೂ ಕೂಡಿಕೊಳ್ಳುವುದನ್ನು ಬೇಗ ಹಾಕಿದ ಕನ್ನಡಕ ಎಷ್ಟೋ ಮಟ್ಟಿಗೆ ತಡೆಯುತ್ತದೆ.

ಕಾರಣ ಹುಡುಕುವ ಕೆಲಸ ಅಮೆರಿಕದ ಆಮಿಶ್-ಮೆನ್ನೊನೈಟ್ ಕುಟುಂಬವೊಂದರ ಮೂಲಕ ಮುಂದೆ ಹೋಯಿತು. ತಮ್ಮೊಳಗೇ ಮದುವೆಯಾಗುವ ಸಮುದಾಯ ಅದು. 2005ರಲ್ಲಿ ಎಂಎಫ್‌ಆರ್‌ಪಿ ಅನ್ನುವ ಜೀನ್ ಸಿಕ್ಕಿತು. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದರೆ ಮಾತ್ರ ಈ ಬಗೆಯ ತೊಂದರೆ ಕಾಣಿಸಿಕೊಳ್ಳುತ್ತದೆ. ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ಮದುವೆಯಾಗುವ ರೂಢಿ ಇರುವ ಕರ್ನಾಟಕಕ್ಕೂ ಈ ಮಾತು ತಾಗುತ್ತದೆ. ಇಂಥ ಮನೆಯಲ್ಲಿ ಒಬ್ಬರಿಗೆ ಪುಟ್ಟ ಕಣ್ಣು ಇದೆ ಅಂತ ಗೊತ್ತಾದರೆ ಒಡಹುಟ್ಟಿದವರ ಕಣ್ಣನ್ನೂ ಅಳೆಸಬೇಕು. ವಯಸ್ಸಾದಂತೆ ಲೆನ್ಸ್ ದಪ್ಪವಾಗುತ್ತದೆ. ಚಿಕ್ಕ ಕಣ್ಣಿನಲ್ಲಿ ಅದಕ್ಕೆ ಜಾಗ ಸಾಲದೆ, ನೀರು ಹೊರಹೋಗುವ ಕೋನ ಮುಚ್ಚಿ ಗ್ಲಾಕೋಮಾ ಬರುವ ಅಪಾಯ ಜಾಸ್ತಿ. ಪವರ್ ಬದಲಾಗಿಲ್ಲ ಅಂತ ತಪಾಸಣೆ ಬಿಡುವ ಹಾಗಿಲ್ಲ.

2005ರ ಆ ಅಧ್ಯಯನದಲ್ಲೇ ಇನ್ನೊಂದು ಅಚ್ಚರಿ ಇತ್ತು. ಎಂಎಫ್‌ಆರ್‌ಪಿ ಪೂರ್ತಿ ಇಲ್ಲದವರಲ್ಲೂ ಕನ್ನಡಕ ಹಾಕಿದರೆ ಒಳ್ಳೆಯ ದೃಷ್ಟಿ ಇರಬಹುದು, ರೆಟಿನಾದ ವಿದ್ಯುತ್ ಪರೀಕ್ಷೆಯೂ ಸರಿ ಬರಬಹುದು. ಆದರೆ ಇದೇ ಜೀನ್ ಕೆಟ್ಟ ಬೇರೆ ಕೆಲವು ಕುಟುಂಬಗಳಲ್ಲಿ ಇರುಳುಗಣ್ಣು ತರುವ ರೆಟಿನೈಟಿಸ್ ಪಿಗ್ಮೆಂಟೋಸಾ ಕೂಡ ಇದೆ. 2011ರಲ್ಲಿ ಪಿಆರ್‌ಎಸ್‌ಎಸ್56 ಅನ್ನುವ ಇನ್ನೊಂದು ಜೀನ್ ಸಿಕ್ಕಿತು. ಅದು ಕೆಲಸ ಮಾಡುವುದು ಸ್ಕ್ಲೀರಾದಲ್ಲಲ್ಲ, ರೆಟಿನಾಕ್ಕೆ ಆಸರೆಯಾಗಿರುವ ಮ್ಯುಲ್ಲರ್ ಕೋಶಗಳಲ್ಲಿ ಅಂತ 2018ರ ಇಲಿಗಳ ಅಧ್ಯಯನ ತೋರಿಸಿತು. ಇದು ಇಡೀ ಕಥೆಯನ್ನೇ ತಿರುಗಿಸುತ್ತದೆ, ಅಲ್ವಾ? ಕಣ್ಣು ಚಿಕ್ಕದಾಗಿದ್ದಕ್ಕೆ ರೆಟಿನಾ ಕೆಟ್ಟಿತು ಅಂತಷ್ಟೇ ಅಂದುಕೊಂಡಿದ್ದೆವು. ಕಣ್ಣು ಎಷ್ಟು ಬೆಳೆಯಬೇಕು ಅಂತ ಹೇಳಿಕಳಿಸುವುದರಲ್ಲಿ ರೆಟಿನಾಕ್ಕೇ ಪಾಲಿದೆ. ಇದೇ ಪಿಆರ್‌ಎಸ್‌ಎಸ್56ರ ಸಣ್ಣ ವ್ಯತ್ಯಾಸಗಳಿಗೂ ಸಾಮಾನ್ಯ ಜನರ ಮೈನಸ್ ಪವರ್‌ಗೂ ನಂಟಿದೆ ಅಂತ 2013ರಲ್ಲೇ ಗೊತ್ತಾಗಿತ್ತು.

2017ರಲ್ಲಿ ಎಂಎಫ್‌ಆರ್‌ಪಿ ಕೆಟ್ಟ ಇಲಿಗಳಿಗೆ ಸರಿಯಾದ ಜೀನ್ ಸೇರಿಸಿದಾಗ ಅವುಗಳ ಕಣ್ಣಿನ ಉದ್ದ ಸರಿಹೋಯಿತು. ಆ ಇಲಿಗಳು ಹುಟ್ಟಿ ಕೆಲವೇ ದಿನ ಆಗಿತ್ತು, ಕಣ್ಣು ಇನ್ನೂ ಬೆಳೆಯುತ್ತಿತ್ತು. ಮನುಷ್ಯರಲ್ಲಿ ತೊಂದರೆ ಗೊತ್ತಾಗುವುದು ಸಾಮಾನ್ಯವಾಗಿ ಮಗು ಎಡವತೊಡಗಿದಾಗ, ಮೆಳ್ಳೆಗಣ್ಣು ಕಂಡಾಗ, ಇಲ್ಲವೇ ಶಾಲೆಯಲ್ಲಿ. ಅಷ್ಟು ಹೊತ್ತಿಗೆ ಫೋವಿಯಾ ರೂಪುಗೊಳ್ಳುವ ಕಾಲ ಬಹುತೇಕ ಮುಗಿದಿರುತ್ತದೆ.