ಒಂದು ಸೆಂಟಿಮೀಟರ್ ಜಾಗದಲ್ಲಿ ಕನ್ನಡ

ಪಾಡ್‌ಕಾಸ್ಟ್ ಕವರ್ ಮಾಡಿಸಲು ಬರುವವರು ಸಾಮಾನ್ಯವಾಗಿ ಲ್ಯಾಪ್‌ಟಾಪ್ ತೆರೆದು, ತಮಗೆ ಇಷ್ಟವಾದ ಕವರ್‌ಗಳನ್ನು ಸ್ಕ್ರೀನ್ ತುಂಬ ತೋರಿಸುತ್ತಾರೆ. ನಾನು ಅವರ ಫೋನ್ ಕೇಳುತ್ತೇನೆ. ಅವರು ಪಾಡ್‌ಕಾಸ್ಟ್ ಕೇಳುವ ಆ್ಯಪ್‌ನಲ್ಲೇ ಏನಾದರೂ ಹುಡುಕಲು ಹೇಳಿ, ಬಂದ ಪಟ್ಟಿಯ ಮೇಲೆ ಸ್ಕೇಲ್ ಇಡುತ್ತೇನೆ. ಒಂದೊಂದು ಕವರ್ ಹೆಚ್ಚೂಕಡಿಮೆ ಒಂದು ಸೆಂಟಿಮೀಟರ್ ಅಗಲ ಇರುತ್ತದೆ. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಹೊಸ ಕೇಳುಗ ನಿಮ್ಮ ಕವರನ್ನು ಮೊದಲು ನೋಡುವುದು ಆ ಅಳತೆಯಲ್ಲೇ. ಪ್ಲೇ ಒತ್ತಿದ ಮೇಲೆ ಅದು ಸ್ಕ್ರೀನ್ ತುಂಬ ಕಾಣುತ್ತದೆ ನಿಜ. ಆದರೆ ಅಷ್ಟು ಹೊತ್ತಿಗೆ ಅವನು ಒಳಗೆ ಬಂದಾಗಿದೆ, ಅಲ್ವಾ?

ಕವರ್ ಚಿತ್ರ ಚೌಕಾಕಾರ ಇರಬೇಕು, ಕನಿಷ್ಠ 1400 ಪಿಕ್ಸೆಲ್, ಗರಿಷ್ಠ 3000 ಪಿಕ್ಸೆಲ್ ಅಂತ ಆ್ಯಪಲ್ ಪಾಡ್‌ಕಾಸ್ಟ್ಸ್ ಕೇಳುತ್ತದೆ. ನಾವೆಲ್ಲ 3000ಕ್ಕೇ ಮಾಡುತ್ತೇವೆ. ಈಗ ಲೆಕ್ಕ ಹಾಕಿ. 3000 ಪಿಕ್ಸೆಲ್ ಕುಗ್ಗಿ ಒಂದು ಸೆಂಟಿಮೀಟರ್ ಆದರೆ, 300 ಪಿಕ್ಸೆಲ್ ಅಂದರೆ ಒಂದು ಮಿಲಿಮೀಟರ್. ನನ್ನ ಕೆಲಸದ ಬಹುಪಾಲು ತೀರ್ಮಾನಗಳು ಈ ಒಂದು ಲೆಕ್ಕದಿಂದಲೇ ಹುಟ್ಟುತ್ತವೆ. ದಿನಪತ್ರಿಕೆಯಲ್ಲಿ ನಾವು ಓದುವ ಅಕ್ಷರ ಸುಮಾರು ಎರಡು ಮಿಲಿಮೀಟರ್ ಎತ್ತರ ಇರುತ್ತದೆ. ಅಷ್ಟು ಸಲೀಸಾಗಿ ಓದಿಸಬೇಕು ಅಂದರೆ ನಿಮ್ಮ ಕವರ್ ಮೇಲಿನ ಅಕ್ಷರ 600 ಪಿಕ್ಸೆಲ್ ಎತ್ತರ ಬೇಕು. ಕೆಳಗಡೆ ಸಣ್ಣದಾಗಿ ‘ನಿರೂಪಣೆ: ಇಂಥವರು’ ಅಂತ 120 ಪಿಕ್ಸೆಲ್‌ನಲ್ಲಿ ಹಾಕಿಸುತ್ತೀರಲ್ಲ, ಅದು ಪಟ್ಟಿಯಲ್ಲಿ 0.4 ಮಿಲಿಮೀಟರ್ ಆಗುತ್ತದೆ. ಅದನ್ನು ಓದುವವರು ಯಾರೂ ಇಲ್ಲ. ಓದಲಾಗದ ಅಕ್ಷರ ಕವರ್ ಮೇಲೆ ಬರೀ ಕೊಳೆಯ ಹಾಗೆ ಕಾಣುತ್ತದೆ.

ಇಂಗ್ಲಿಷ್‌ನಲ್ಲಿ ಈ ಲೆಕ್ಕ ಅಷ್ಟೇನೂ ಕಾಡುವುದಿಲ್ಲ. ಎಲ್ಲವನ್ನೂ ಕ್ಯಾಪಿಟಲ್‌ನಲ್ಲಿ ಬರೆದರೆ ಅಕ್ಷರಗಳೆಲ್ಲ ಒಂದೇ ಎತ್ತರ, ಕೆಳಗೆ ಏನೂ ಇಳಿಯುವುದಿಲ್ಲ. ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಬಹುದು. ಕನ್ನಡ ಹಾಗಲ್ಲ. ಮೇಲೆ ತಲೆಕಟ್ಟು, ಗುಡಿಸು ಇವೆ. ಕೆಳಗೆ ಒತ್ತಕ್ಷರ ಇಳಿಯುತ್ತದೆ. ಒಂದು ಸಾಲಿಗೆ ನೀವು 900 ಪಿಕ್ಸೆಲ್ ಕೊಟ್ಟರೂ ಒತ್ತು, ಗುಡಿಸು ಎಲ್ಲ ತಮ್ಮ ಪಾಲು ತೆಗೆದುಕೊಂಡು, ಮೂಲ ಅಕ್ಷರಕ್ಕೆ ಅರ್ಧದಷ್ಟು ಸಿಕ್ಕರೆ ಪುಣ್ಯ.

ಅದಕ್ಕೇ ನನ್ನ ಮಟ್ಟಿಗೆ ಕನ್ನಡ ಪಾಡ್‌ಕಾಸ್ಟ್ ಕವರಿನ ಅರ್ಧ ಕೆಲಸ ಹೆಸರಿಡುವಾಗಲೇ ಮುಗಿದಿರುತ್ತದೆ, ಇಲ್ಲವೇ ಕೆಟ್ಟಿರುತ್ತದೆ. ಡಿಸೈನರ್ ಹತ್ತಿರ ಕೊನೆಗೆ ಬರುವ ಬದಲು ಹೆಸರು ಗಟ್ಟಿಯಾಗುವ ಮುಂಚೆ ಒಂದು ಸಲ ಬನ್ನಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಯಾರೂ ಬರುವುದಿಲ್ಲ, ಅದು ಬೇರೆ ಮಾತು.

ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ತಮ್ಮ ಜಿಲ್ಲೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ, ಪಠ್ಯಪುಸ್ತಕಕ್ಕೆ ಬಾರದೇ ಹೋದವರ ಬಗ್ಗೆ ಪಾಡ್‌ಕಾಸ್ಟ್. ಹೆಸರನ್ನು ಕೊಂಚ ಬದಲಿಸಿ ಹೇಳುತ್ತೇನೆ: ‘ಸ್ವಾತಂತ್ರ್ಯ ಸಂಗ್ರಾಮದ ಅಜ್ಞಾತ ವೀರರು’. ಭಾಷಣಕ್ಕೆ ಒಳ್ಳೆಯ ಹೆಸರು. ಆದರೆ ಬಿಡಿಸಿ ನೋಡಿ. ಸ್ವಾ, ಗ್ರಾ, ಜ್ಞಾ, ಒಂದೊಂದಕ್ಕೂ ಒತ್ತು. ತ್ರ್ಯ ಅಂತೂ ಎರಡೆರಡು ಒತ್ತು ಹೊತ್ತಿದೆ. ನಾಲ್ಕು ಪದ, ನಾಲ್ಕು ಸಾಲು ಅಂದುಕೊಂಡರೆ ಅಂಚು ಬಿಟ್ಟು ಸಾಲಿಗೆ ಸಿಗುವುದು 600 ಚಿಲ್ಲರೆ ಪಿಕ್ಸೆಲ್. ಅದರಲ್ಲಿ ಅಕ್ಷರಕ್ಕೆ 300. ಅಂದರೆ ಫೋನಿನಲ್ಲಿ ಒಂದು ಮಿಲಿಮೀಟರ್. ಇಷ್ಟಾದ ಮೇಲೆ ಚಿತ್ರಕ್ಕೆ ಜಾಗವೇ ಇಲ್ಲ. ಮೇಷ್ಟ್ರು ಗಾಂಧಿ, ಚರಕ, ಧ್ವಜ ಮೂರೂ ಬೇಕು ಅಂದಿದ್ದರು.

“ಹೆಸರು ಬದಲಾಯಿಸಬೇಕೇನಪ್ಪಾ?” ಅಂತ ಬೇಜಾರಿನಿಂದಲೇ ಕೇಳಿದರು. “ಪೂರ್ತಿ ಬದಲಾಯಿಸೋದು ಬೇಡ ಸಾರ್. ಕವರ್ ಮೇಲೆ ಎಷ್ಟು ಬರಬೇಕು ಅನ್ನೋದನ್ನ ಮಾತ್ರ ನೋಡೋಣ” ಅಂದೆ.

ಇಲ್ಲಿ ತುಂಬಾ ಜನ ಮರೆಯುವ ಒಂದು ಸಂಗತಿ ಇದೆ. ಪಟ್ಟಿಯಲ್ಲಿ ಕವರ್ ಪಕ್ಕದಲ್ಲೇ ಆ್ಯಪ್ ನಿಮ್ಮ ಪಾಡ್‌ಕಾಸ್ಟಿನ ಹೆಸರನ್ನು ತಾನೇ ಬರೆಯುತ್ತದೆ. ನಡೆಸುವವರ ಹೆಸರನ್ನೂ ಸಾಮಾನ್ಯವಾಗಿ ತೋರಿಸುತ್ತದೆ. ಅದು ಸ್ಪಷ್ಟವಾಗಿ ಓದುವ ಅಳತೆಯಲ್ಲೇ ಇರುತ್ತದೆ. ಹಾಗಿರುವಾಗ ಅದನ್ನೇ ಕವರ್ ಮೇಲೂ ಅಕ್ಷರಕ್ಕೆ ಅಕ್ಷರ ತುಂಬಬೇಕಾಗಿಲ್ಲ. ಉದ್ದದ ಹೆಸರು ಪಕ್ಕದಲ್ಲಿರಲಿ, ಕವರ್ ಮೇಲೆ ಅದರ ತಿರುಳು ಸಾಕು. ಮೇಷ್ಟ್ರೇ ಎರಡು ದಿನ ಬಿಟ್ಟು ಫೋನ್ ಮಾಡಿ ‘ಮರೆತ ಹೆಸರು’ ಅಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಒಂದೂ ಒತ್ತಕ್ಷರ ಇಲ್ಲ. ಎರಡು ಪದ, ತಲಾ ಮೂರು ಅಕ್ಷರ, ಎರಡು ಸಾಲು. ‘ಹೆಸರು’ ಪದದ ಕೊಂಬು ಕೂಡ ಪಕ್ಕಕ್ಕೆ ಚಾಚುತ್ತದೆಯೇ ಹೊರತು ಕೆಳಗೆ ಇಳಿಯುವುದಿಲ್ಲ. ಅಕ್ಷರಗಳನ್ನು 700 ಪಿಕ್ಸೆಲ್‌ವರೆಗೂ ಎತ್ತರಿಸಲು ಆಯಿತು. ಪತ್ರಿಕೆಯ ಅಕ್ಷರಕ್ಕಿಂತ ದೊಡ್ಡದು. ಗಾಂಧಿ, ಚರಕ, ಧ್ವಜ ಮೂರನ್ನೂ ಬಿಟ್ಟು, ಹಳೆಯ ಗ್ರೂಪ್ ಫೋಟೋದಲ್ಲಿ ಇರುವಂಥ ಒಂದು ಪೇಟದ ಆಕಾರವನ್ನು ಮಾತ್ರ ಹಿಂದೆ ಇಟ್ಟೆವು. ಮುಖ ಇಲ್ಲ, ಬರೀ ಪೇಟ.

ಒತ್ತಕ್ಷರ ಇರಲೇಬಾರದು ಅಂತ ನಾನು ಹಟ ಹಿಡಿಯುವುದಿಲ್ಲ. ಹಾಗೆ ಹಿಡಿದರೆ ಕನ್ನಡದಲ್ಲಿ ಮಾತಾಡಲು ಆಗುತ್ತದೆಯೇ? ‘ಅಕ್ಕ’, ‘ಮುತ್ತು’ ಇಂಥ ಪದಗಳ ಒತ್ತು ಚಿಕ್ಕದಾದರೂ ಕಣ್ಣು ಊಹಿಸಿಕೊಳ್ಳುತ್ತದೆ. ಅರ್ಕಾವತ್ತು ಇನ್ನೂ ಸಲೀಸು. ‘ಸೂರ್ಯ’ ಬರೆದರೆ ಅದು ಯಕಾರದ ಪಕ್ಕದಲ್ಲಿ ಕೂರುತ್ತದೆ, ಕೆಳಗೆ ಜಾಗ ಕೇಳುವುದಿಲ್ಲ. ತೊಂದರೆ ಕೊಡುವುದು ಎರಡು ಸಾಲು ಬಂದಾಗ. ಮೇಲಿನ ಸಾಲಿನ ಒತ್ತು, ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಢಿಕ್ಕಿ ಹೊಡೆಯುತ್ತದೆ. ಸಾಲುಗಳ ನಡುವೆ ಅಂತರ ಜಾಸ್ತಿ ಮಾಡಿದರೆ ಹೆಸರು ಒಡೆದು ಎರಡು ಹೋಳಾಗಿ ಕಾಣುತ್ತದೆ. ನಾನು ಕೆಳಗಿನ ಸಾಲನ್ನು ಸ್ವಲ್ಪ ಎಡಕ್ಕೋ ಬಲಕ್ಕೋ ಸರಿಸಿ, ಒತ್ತು ಎರಡು ಅಕ್ಷರಗಳ ನಡುವಿನ ಸಂದಿಗೆ ಇಳಿಯುವ ಹಾಗೆ ಮಾಡುತ್ತೇನೆ. ಸಾಲುಗಳು ಒಂದೇ ಗೆರೆಯಲ್ಲಿ ಶುರುವಾಗದಿದ್ದರೂ ಪರವಾಗಿಲ್ಲ. ಸಿನಿಮಾ ಟೈಟಲ್, ಪುಸ್ತಕದ ಮುಖಪುಟಗಳಿಗೆ ಕೈಯಲ್ಲಿ ಬರೆಯುತ್ತಿದ್ದ ಕಲಾವಿದರು ಹೀಗೇ ಅಕ್ಷರವನ್ನು ಅಕ್ಷರದೊಳಗೆ ಕೂರಿಸುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ನಾವು ಆ ಧೈರ್ಯ ಬಿಟ್ಟುಬಿಟ್ಟೆವು.

ಫಾಂಟ್ ವಿಷಯಕ್ಕೆ ಬರೋಣ. ಉಚಿತವಾಗಿ ಸಿಗುವುದರಲ್ಲಿ ನಾನು ಹೆಚ್ಚು ಬಳಸುವುದು ಅನೇಕ್ ಕನ್ನಡ. ಏಕ್ ಟೈಪ್‌ನವರು ಮಾಡಿದ್ದು. ಅದರಲ್ಲಿ ದಪ್ಪವನ್ನು ಮಾತ್ರವಲ್ಲ, ಅಗಲವನ್ನೂ ಬೇಕಾದಷ್ಟು ಹಿಗ್ಗಿಸಬಹುದು, ಕುಗ್ಗಿಸಬಹುದು. ಚೌಕದೊಳಗೆ ಹೆಸರನ್ನು ಅಂಚಿನಿಂದ ಅಂಚಿಗೆ ಕೂರಿಸಬೇಕಾದಾಗ ಇದು ವರದಾನ. ಅದೇ ಬಳಗದ ‘ಬಲೂ ತಮ್ಮ’ ಫಾಂಟ್ ದುಂಡಗೆ, ದಪ್ಪಗೆ ಇದೆ. ಮಕ್ಕಳ ಕಥೆಗೆ, ಹರಟೆಗೆ ಸೊಗಸು. ಅಪರಾಧದ ಕಥೆಗೆ ಹಾಕಿದರೆ ನಗು ಬರುತ್ತದೆ. ‘ತಿರೋ ಕನ್ನಡ’ ಫಾಂಟ್ ಪುಸ್ತಕದ ಪುಟದಲ್ಲಿ ತುಂಬಾ ಚೆಂದ, ಆದರೆ ಅದರ ತೆಳು ಗೆರೆಗಳು ಒಂದು ಸೆಂಟಿಮೀಟರ್‌ನಲ್ಲಿ ಕರಗಿಹೋಗುತ್ತವೆ. ಸಾಹಿತ್ಯದ ಪಾಡ್‌ಕಾಸ್ಟ್ ಮಾಡುವವರು ಅದನ್ನೇ ಕೇಳುತ್ತಾರೆ, ನಾನು ಬೇಡ ಅನ್ನುತ್ತೇನೆ.

ಹಾಗಂತ ಸಿಕ್ಕಾಪಟ್ಟೆ ದಪ್ಪ ಮಾಡಿದರೆ ಓದಲು ಸುಲಭ ಅಂದುಕೊಳ್ಳಬೇಡಿ. ಕನ್ನಡ ಅಕ್ಷರದ ಗುರುತು ಇರುವುದು ಅದರ ಒಳಗಿನ ಖಾಲಿ ಜಾಗದಲ್ಲಿ. ಇ, ಣ, ಞ ಇವುಗಳ ಸುರುಳಿಯೊಳಗಿನ ಬೆಳಕು ಮುಚ್ಚಿದರೆ ಉಳಿಯುವುದು ಉಂಡೆ. ದ, ಧ, ಥ ಮೂರಕ್ಕೂ ಇರುವ ವ್ಯತ್ಯಾಸ ಒಂದು ಪುಟ್ಟ ಸೀಳು, ಒಂದು ಚುಕ್ಕೆ. ಪಕಾರ ಷಕಾರದ್ದೂ ಇದೇ ಕತೆ. ಹಾಗಾಗಿ ಫಾಂಟಿನ ಅತಿ ದಪ್ಪ ರೂಪ ಬಿಟ್ಟು, ಅದಕ್ಕಿಂತ ಒಂದೆರಡು ಮೆಟ್ಟಿಲು ಕೆಳಗೆ ನಿಲ್ಲುತ್ತೇನೆ. ಅಕ್ಷರದ ಸುತ್ತ ಬಿಳಿ ಔಟ್‌ಲೈನ್, ಹಿಂದೆ ನೆರಳು, ಹೊಳಪು ಇವೆಲ್ಲ ಆ ಖಾಲಿ ಜಾಗವನ್ನೇ ತಿನ್ನುತ್ತವೆ. ಬೇಡ.

ಫೋಟೋಶಾಪ್‌ನಲ್ಲಿ ಕನ್ನಡ ಟೈಪ್ ಮಾಡಿದಾಗ ಒತ್ತಕ್ಷರ ಒಡೆದು, ಪಕ್ಕಪಕ್ಕದಲ್ಲಿ ಅರ್ಧಾಕ್ಷರಗಳಾಗಿ ಬಿದ್ದರೆ ಫಾಂಟನ್ನು ಬೈಯಬೇಡಿ. ಪ್ರಿಫರೆನ್ಸ್‌ನ ಟೈಪ್ ವಿಭಾಗಕ್ಕೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಹೊಂದುವ ಟೆಕ್ಸ್ಟ್ ಎಂಜಿನ್ ಆರಿಸಿ. ಹೊಸ ಆವೃತ್ತಿಗಳಲ್ಲಿ ಅದರ ಹೆಸರು ವರ್ಲ್ಡ್-ರೆಡಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟಿನಲ್ಲಿ, ಮಾಡಿದ ಕಡತವಾದರೆ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗಿ ತೆರೆಯುತ್ತದೆ. ಕಳಿಸುವ ಮುಂಚೆ ಅಕ್ಷರಗಳನ್ನು ಔಟ್‌ಲೈನ್‌ಗೆ ಬದಲಾಯಿಸಿದರೆ, ಅಂದರೆ ಫಾಂಟ್ ಬೇಡದ ಬರೀ ಆಕಾರಗಳಾಗಿಸಿದರೆ ಆಯಿತು. ಎಐ ಬಳಸಿ ಚಿತ್ರ ಮಾಡಿಕೊಂಡು ಬರುವವರು ಈಗ ಜಾಸ್ತಿ. ಚಿತ್ರ ಇಟ್ಟುಕೊಳ್ಳಿ, ಅದರೊಳಗೆ ಅದೇ ಬರೆದ ಕನ್ನಡವನ್ನು ಮಾತ್ರ ಅಳಿಸಿ. ಒತ್ತಿನ ಹತ್ತಿರ ಅದು ಎಡವುವುದನ್ನು ಆಗಾಗ ನೋಡುತ್ತೇನೆ.

ಬಣ್ಣದಲ್ಲಿ ನಮ್ಮವರ ಮೊದಲ ಆಸೆ ಹಳದಿ-ಕೆಂಪು. ಅರ್ಥವಾಗುತ್ತದೆ. ಆದರೆ ಒಂದು ಅಳತೆ ಹೇಳುತ್ತೇನೆ. ವೆಬ್‌ನಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ಬೆಳಕಿನ ವ್ಯತ್ಯಾಸಕ್ಕೆ ಒಂದು ಒಪ್ಪಿತ ಮಟ್ಟ ಇದೆ. ಹೆಚ್ಚು ಬೆಳಕಿನ ಬಣ್ಣ ಇನ್ನೊಂದರ ಎಷ್ಟು ಪಟ್ಟು ಅನ್ನುವ ಲೆಕ್ಕ ಅದು: ಸಾಮಾನ್ಯ ಅಕ್ಷರಕ್ಕೆ 4.5, ದೊಡ್ಡ ಅಕ್ಷರಕ್ಕೆ 3. ಅಪ್ಪಟ ಕೆಂಪಿನ ಮೇಲೆ ಅಪ್ಪಟ ಹಳದಿ ಹಾಕಿದರೆ ಬರುವುದು ಸುಮಾರು 3.7, ಸಾಮಾನ್ಯ ಅಕ್ಷರಕ್ಕೆ ಸಾಲದು. ಹಳದಿ ಅರಿಶಿನದ ಕಡೆಗೆ ವಾಲಿದರೆ ಇನ್ನೂ ಕಡಿಮೆ. ಕಣ್ಣಿಗೆ ಅಬ್ಬರವಾಗಿ ಹೊಡೆಯುವ ಜೋಡಿ ಓದಲು ಅಷ್ಟು ಒಳ್ಳೆಯದಲ್ಲ ಅನ್ನುವುದು ಇಲ್ಲಿ ಗೊತ್ತಾಗುತ್ತದೆ. ಕೆಂಪನ್ನು ಗಾಢ ಮಾಡಿ, ಕುಂಕುಮದ ಬಣ್ಣಕ್ಕಿಂತಲೂ ಕೆಳಗಿಳಿಸಿದರೆ ಅದೇ ಹಳದಿ 6ಕ್ಕಿಂತ ಮೇಲೆ ಹೋಗುತ್ತದೆ. ಅಭಿಮಾನವೂ ಉಳಿಯಿತು, ಅಕ್ಷರವೂ ಕಂಡಿತು. ಹಳದಿ ಮೇಲೆ ಬಿಳಿ ಬರೆಯುವವರೂ ಇದ್ದಾರೆ. ಅದು 1ರ ಆಸುಪಾಸು, ಅಂದರೆ ಬರೆಯದೇ ಇದ್ದ ಹಾಗೆ.

ಅಚ್ಚ ಕಪ್ಪು, ಅಚ್ಚ ಬಿಳಿ ಹಿನ್ನೆಲೆಯನ್ನು ನಾನು ತಪ್ಪಿಸುತ್ತೇನೆ. ಸ್ಪಾಟಿಫೈ ಫೋನಿನಲ್ಲಿ ಕಪ್ಪು. ಆ್ಯಪಲ್‌ನದು ಬಳಸುವವರ ಆಯ್ಕೆಯಂತೆ ಬಿಳಿ ಅಥವಾ ಕಪ್ಪು. ಕವರಿನ ಅಂಚು ಆ್ಯಪ್‌ನ ಹಿನ್ನೆಲೆಯಲ್ಲಿ ಕರಗಿದರೆ ಚೌಕವೇ ಮಾಯವಾಗಿ, ಅಕ್ಷರ ತೇಲುತ್ತಿರುವ ಹಾಗೆ ಕಾಣುತ್ತದೆ. ಮೂಲೆಗಳನ್ನು ಆ್ಯಪ್‌ಗಳು ದುಂಡಗೆ ಕತ್ತರಿಸುತ್ತವೆ, ಆದ್ದರಿಂದ ಮೂಲೆಯಲ್ಲಿ ಲೋಗೋ ಇಡಬೇಡಿ.

ಮೈಕು, ಹೆಡ್‌ಫೋನು, ಧ್ವನಿಯ ಅಲೆ. ಇವು ಮೂರೂ ಪಾಡ್‌ಕಾಸ್ಟ್ ಆ್ಯಪ್‌ನೊಳಗೆ ಇರುವವನಿಗೆ ‘ಇದು ಪಾಡ್‌ಕಾಸ್ಟ್’ ಅಂತ ಹೇಳುತ್ತವೆ. ಅವನಿಗೆ ಅದು ಮೊದಲೇ ಗೊತ್ತು.

ಮುಖದ ಫೋಟೋ ಹಾಕಬೇಕೇ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಜನ ನಿಮ್ಮನ್ನು ಬಲ್ಲವರಾದರೆ, ಅಥವಾ ನೀವು ಯೂಟ್ಯೂಬಿನಲ್ಲೂ ಮುಖ ತೋರಿಸುತ್ತೀರಾದರೆ ಹಾಕಿ. ಆದರೆ ಸೊಂಟದವರೆಗಿನ ಫೋಟೋ ಬೇಡ. ಹಣೆಯಿಂದ ಗಲ್ಲದವರೆಗೆ ಬಿಗಿಯಾಗಿ ಕತ್ತರಿಸಿ. ಒಂದು ಮುಖ ಸರಿ, ಎರಡು ಮುಖ ಕಷ್ಟಪಟ್ಟು ಸರಿ. ನಾಲ್ವರು ಗೆಳೆಯರು ಕೈಕಟ್ಟಿ ನಿಂತ ಫೋಟೋ ಒಂದು ಸೆಂಟಿಮೀಟರ್‌ನಲ್ಲಿ ಬೇಲಿಯ ಗೂಟಗಳು. ಯೂಟ್ಯೂಬಿನ ಸಂಚಿಕೆಗಳಿಗೆ 16:9ರ ಬೇರೆ ಚಿತ್ರ ಮಾಡಲೇಬೇಕು, ಚೌಕವನ್ನು ಎಳೆದು ಅಗಲ ಮಾಡಬೇಡಿ. ಅಲ್ಲಿ ಬಲಗಡೆ ಕೆಳಗೆ ವಿಡಿಯೋದ ಅವಧಿ ಕೂರುತ್ತದೆ, ಆ ಜಾಗ ಖಾಲಿ ಇರಲಿ.

ಕನ್ನಡ, ಇಂಗ್ಲಿಷ್ ಎರಡರಲ್ಲೂ ಹೆಸರು ಹಾಕಿಸಿಕೊಳ್ಳುವ ಆಸೆ ಹೊರದೇಶದ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ ಬರುತ್ತದೆ. ನನ್ನ ಅಭಿಪ್ರಾಯ ಉಲ್ಟಾ. ಇಂಗ್ಲಿಷ್ ಪಾಡ್‌ಕಾಸ್ಟ್‌ಗಳೇ ತುಂಬಿದ ಪಟ್ಟಿಯಲ್ಲಿ ಡಲ್ಲಾಸ್‌ನಲ್ಲೋ ಲಂಡನ್‌ನಲ್ಲೋ ಕೂತವರ ಕಣ್ಣು ನಿಲ್ಲುವುದು ಕನ್ನಡ ಅಕ್ಷರದ ಮೇಲೇ. ಹುಡುಕಿದಾಗ ಸಿಗಲು ಇಂಗ್ಲಿಷ್ ಹೆಸರು ಬೇಕು ಅಂದರೆ, ಅದನ್ನು ಪಾಡ್‌ಕಾಸ್ಟ್ ಏರಿಸುವ ಹೋಸ್ಟಿಂಗ್‌ನಲ್ಲಿ ಶೀರ್ಷಿಕೆ ತುಂಬುವ ಜಾಗದಲ್ಲಿ ಕೊಡಿ. ಸರ್ಚ್ ಓದುವುದು ಅದನ್ನು. ಕವರಿನ ಮೇಲಿನ ಜಾಗ ಹಂಚಬೇಡಿ.

ಇಷ್ಟೆಲ್ಲ ಆದ ಮೇಲೆ ಪರೀಕ್ಷೆ. ನಿಮ್ಮ ವಿಷಯದ್ದೇ ಬೇರೆ ಪಾಡ್‌ಕಾಸ್ಟ್‌ಗಳ ಸರ್ಚ್ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆಯಿರಿ. ಅದರಲ್ಲಿ ಒಂದು ಕವರಿನ ಜಾಗದಲ್ಲಿ ನಿಮ್ಮದನ್ನು ಅಂಟಿಸಿ. ಪಕ್ಕದ ಹೆಸರನ್ನು ಅಳಿಸಿ, ಚಾಳೀಸಿನ ಕನ್ನಡಕ ಹಾಕುವ ಯಾರಿಗಾದರೂ ಕನ್ನಡಕ ಇಲ್ಲದೆ ತೋರಿಸಿ. “ಚೆನ್ನಾಗಿದೆಯಾ?” ಅಂತ ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. “ಏನಂತ ಬರೆದಿದೆ?” ಅಂತ ಕೇಳಿ.

ಕಡತ ಜೆಪೆಗ್ ಅಥವಾ ಪಿಎನ್‌ಜಿ ಇರಲಿ, ಬಣ್ಣ ಸ್ಕ್ರೀನಿಗೆಂದು ಇರುವ ಆರ್‌ಜಿಬಿಯಲ್ಲಿರಲಿ. ಪ್ರಿಂಟಿಂಗ್ ಪ್ರೆಸ್ಸಿನ ಅಭ್ಯಾಸದವರು ಅಚ್ಚಿಗೆಂದು ಇರುವ ಸಿಎಂವೈಕೆಯಲ್ಲಿ ಕೊಟ್ಟುಬಿಡುತ್ತಾರೆ, ಆಮೇಲೆ ಬಣ್ಣ ಕೆಡುತ್ತದೆ ಅಥವಾ ಚಿತ್ರವೇ ತಿರಸ್ಕೃತವಾಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲದಿದ್ದರೆ ಅದು ಕುಗ್ಗಿಸಿಬಿಡುತ್ತದೆ. ಮುಂದೊಂದು ದಿನ ಕವರ್ ಬದಲಾಯಿಸಿದಾಗ ಹೊಸ ಚಿತ್ರಕ್ಕೆ ಹೊಸ ಕಡತದ ಹೆಸರು ಕೊಡಿ. ಹಳೆಯ ಹೆಸರಿನಲ್ಲೇ ಏರಿಸಿದರೆ ಬದಲಾಗಿದ್ದು ಆ್ಯಪ್‌ಗಳಿಗೆ ತಿಳಿಯದೇ ಹೋಗಬಹುದು. “ಕವರ್ ಹಾಕಿದ್ದೀವಿ, ಇನ್ನೂ ಹಳೇದೇ ಕಾಣ್ತಿದೆ” ಅಂತ ನನಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಇದಕ್ಕೇ.