ಗಾಳಿಯಿಂದ ತೆಗೆದ ಮದ್ದು

1914ರ ನವೆಂಬರ್ 1ರ ಸಂಜೆ ಚಿಲಿ ದೇಶದ ಕೊರೊನೆಲ್ ಬಂದರಿನಾಚೆ ಬ್ರಿಟಿಷ್ ಮತ್ತು ಜರ್ಮನ್ ಯುದ್ಧನೌಕೆಗಳು ಎದುರುಬದುರಾದವು. ಜರ್ಮನ್ ಅಡ್ಮಿರಲ್ ಮ್ಯಾಕ್ಸಿಮಿಲಿಯನ್ ಫಾನ್ ಶ್ಪೇ ಹೊತ್ತು ಮುಳುಗುವವರೆಗೆ ಹತ್ತಿರ ಸುಳಿಯಲಿಲ್ಲ. ಪಡುವಣದ ಕೆಂಪಿನೆದುರು ಬ್ರಿಟಿಷ್ ಹಡಗುಗಳ ಆಕಾರ ಕಪ್ಪಗೆ ಎದ್ದು ಕಂಡ ಮೇಲೆ ಗುಂಡಿನ ಮಳೆಗರೆದ. ಗುಡ್ ಹೋಪ್, ಮನ್ಮತ್ ಎಂಬ ಎರಡು ನೌಕೆಗಳು ಮುಳುಗಿದವು. ಅವುಗಳಲ್ಲಿದ್ದ ಸುಮಾರು 1,600 ಮಂದಿಯಲ್ಲಿ ಒಬ್ಬರೂ ಬದುಕಲಿಲ್ಲ. ಐದು ವಾರ ಕಳೆದು, ಡಿಸೆಂಬರ್ 8ರಂದು, ಫಾಕ್‌ಲ್ಯಾಂಡ್ ದ್ವೀಪಗಳ ಬಳಿ ಬ್ರಿಟನ್ ಸೇಡು ತೀರಿಸಿಕೊಂಡಿತು. ಶ್ಪೇ ತನ್ನ ಇಬ್ಬರು ಗಂಡುಮಕ್ಕಳೊಂದಿಗೆ ಸಮುದ್ರದ ಪಾಲಾದ.

ಯುರೋಪಿನ ಸಾಮ್ರಾಜ್ಯಗಳ ಜಗಳಕ್ಕೆ ದಕ್ಷಿಣ ಅಮೆರಿಕದ ತೀರದಲ್ಲೇನು ಕೆಲಸ? ಶ್ಪೇ ಚೀನಾದ ಕಡೆಯಿಂದ ತಾಯ್ನಾಡಿಗೆ ಮರಳುವ ದಾರಿಯಲ್ಲಿದ್ದ ಎಂಬುದು ಒಂದು ಉತ್ತರ. (ಅದೇ ಪಡೆಯಿಂದ ಬೇರ್ಪಟ್ಟು ಬಂದ ಎಂಡನ್ ನೌಕೆ ಸೆಪ್ಟೆಂಬರ್ 22ರ ರಾತ್ರಿ ಮದರಾಸಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಇಟ್ಟಿತ್ತು.) ಆದರೆ ಚಿಲಿಯ ತೀರಕ್ಕೆ ಬೇರೆಯದೇ ಬೆಲೆಯಿತ್ತು. ಅದರ ಉತ್ತರ ಭಾಗದ ಅಟಕಾಮಾ ಮರುಭೂಮಿಯಲ್ಲಿ ಮಳೆಯೇ ಇಲ್ಲದ ಕಾರಣ ಕರಗಿ ಹೋಗದೆ ಉಳಿದ ಸೋಡಿಯಂ ನೈಟ್ರೇಟ್, ಅಂದರೆ ಚಿಲಿಯ ಪೆಟ್ಲುಪ್ಪು, ನೆಲದಲ್ಲಿ ಹೇರಳವಾಗಿ ಸಿಗುತ್ತಿತ್ತು. ಜಗತ್ತಿನ ಹೊಲಗಳಿಗೆ ಗೊಬ್ಬರವೂ ಅದೇ, ಫಿರಂಗಿಗಳಿಗೆ ಮದ್ದಿನ ಮೂಲವೂ ಅದೇ. ಅದನ್ನು ಅತಿ ಹೆಚ್ಚು ಕೊಳ್ಳುತ್ತಿದ್ದ ದೇಶ ಜರ್ಮನಿ. ಫಾಕ್‌ಲ್ಯಾಂಡ್ ಕದನದ ನಂತರ ಆ ಸಮುದ್ರಮಾರ್ಗ ಸಂಪೂರ್ಣವಾಗಿ ಬ್ರಿಟನ್ನಿನ ಕೈಗೆ ಬಂತು.

ಮೊದಲನೆಯ ಮಹಾಯುದ್ಧದ ಕಥೆಯನ್ನು ಸರಾಯೇವೊದ ಕೊಲೆಯಿಂದ ಆರಂಭಿಸಿ ಕಂದಕಗಳ ಕೆಸರಿನಲ್ಲಿ ಮುಂದುವರಿಸುವುದು ವಾಡಿಕೆ. ಒಂದು ಕಡೆ ಜರ್ಮನಿ, ಆಸ್ಟ್ರಿಯಾ-ಹಂಗರಿ, ಆಟೋಮನ್ ತುರ್ಕಿ. ಇನ್ನೊಂದು ಕಡೆ ಬ್ರಿಟನ್, ಫ್ರಾನ್ಸ್, ರಷ್ಯಾ. ಯಾರು ಯಾರ ಮೇಲೆ ಯಾವಾಗ ಯುದ್ಧ ಸಾರಿದರು ಎಂಬುದು ಶಾಲೆಯ ಪುಸ್ತಕದಲ್ಲೇ ಇದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಪ್ರಶ್ನೆ ಬೇರೆ: ಪೆಟ್ಲುಪ್ಪು ನಿಂತುಹೋದ ಜರ್ಮನಿ ನಾಲ್ಕು ವರ್ಷ ಹೋರಾಡಿದ್ದಾದರೂ ಹೇಗೆ? ಕೆಲವೇ ತಿಂಗಳಲ್ಲಿ ಯುದ್ಧ ಮುಗಿಯುತ್ತದೆ ಎಂದು ನಂಬಿದ್ದ ಅದರ ಸೇನಾಧಿಕಾರಿಗಳು ಮದ್ದಿನ ದಾಸ್ತಾನನ್ನು ಅಷ್ಟಕ್ಕೇ ಇಟ್ಟುಕೊಂಡಿದ್ದರು. ಯುದ್ಧದ ಕಚ್ಚಾವಸ್ತುಗಳ ಲೆಕ್ಕ ಹಾಕಲು 1914ರ ಆಗಸ್ಟಿನಲ್ಲಿ ನೇಮಕಗೊಂಡ ಉದ್ಯಮಿ ವಾಲ್ಟರ್ ರಾಟೆನೌಗೆ ಈ ಕೊರತೆ ಬೇಗನೆ ಕಣ್ಣಿಗೆ ಬಿತ್ತು. ಅಕ್ಟೋಬರಿನಲ್ಲಿ ವಶವಾದ ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನ ಉಗ್ರಾಣಗಳಲ್ಲಿ ಸಿಕ್ಕ ಪೆಟ್ಲುಪ್ಪು ಒಂದಷ್ಟು ಕಾಲ ದೂಡಲು ನೆರವಾಯಿತು, ಅಷ್ಟೆ.

ವಿಚಿತ್ರವೆಂದರೆ ಪೆಟ್ಲುಪ್ಪಿನಲ್ಲಿ ಎಲ್ಲರಿಗೂ ಬೇಕಾಗಿದ್ದ ಸಾರಜನಕ ನಮ್ಮ ಸುತ್ತಲಿನ ಗಾಳಿಯಲ್ಲೇ ಶೇಕಡ 78ರಷ್ಟಿದೆ. ಆದರೆ ಅಲ್ಲಿ ಅದರ ಎರಡೆರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಬಿಗಿದುಕೊಂಡಿರುತ್ತವೆ. ಆ ಹಿಡಿತ ಬಿಡಿಸಲು ಭಾರಿ ಶಕ್ತಿ ಬೇಕು. ಬಿಡಿಸಿ ಬೇರೆ ಪರಮಾಣುಗಳೊಂದಿಗೆ ಕೂಡಿಸಿದರೂ ಸಾರಜನಕ ಮತ್ತೆ ತನ್ನ ಜೋಡಿಯನ್ನೇ ಸೇರಲು ಹವಣಿಸುತ್ತದೆ. ಟಿಎನ್‌ಟಿಯಂಥ ಸ್ಫೋಟಕ ಸಿಡಿಯುವಾಗ ಆಗುವುದೂ ಇದೇ: ಸಾರಜನಕ ಕ್ಷಣಾರ್ಧದಲ್ಲಿ ಜೋಡಿಯಾಗಿ ಅನಿಲರೂಪಕ್ಕೆ ಮರಳುತ್ತದೆ, ಬಂಧ ಕೂಡುವಾಗಿನ ಶಕ್ತಿ ಶಾಖವಾಗಿ ಹೊರಬೀಳುತ್ತದೆ, ಬಿಸಿ ಅನಿಲ ಉಬ್ಬಿ ಉಕ್ಕನ್ನು ಚಿಂದಿ ಮಾಡುತ್ತದೆ.

ಈ ಜೋಡಿಯನ್ನು ಬಿಡಿಸುವ ದಾರಿ ಯುದ್ಧಕ್ಕೆ ಐದು ವರ್ಷ ಮೊದಲೇ ಸಿಕ್ಕಿತ್ತು. 1909ರ ಜುಲೈಯಲ್ಲಿ ಕಾರ್ಲ್ಸ್‌ರೂಹೆ ನಗರದ ಪ್ರಯೋಗಾಲಯದಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞ ಫ್ರಿಟ್ಸ್ ಹಾಬರ್ ಸಾರಜನಕ ಮತ್ತು ಜಲಜನಕವನ್ನು ಕೂಡಿಸಿ ಅಮೋನಿಯಾ ಹನಿಹನಿಯಾಗಿ ಇಳಿಯುವುದನ್ನು ಬಿಎಎಸ್ಎಫ್ ಎಂಬ ರಾಸಾಯನಿಕ ಕಂಪನಿಯವರಿಗೆ ತೋರಿಸಿದ. ಇಲ್ಲೊಂದು ಪೇಚು ಇದೆ. ಶಾಖ ಕಡಿಮೆಯಿದ್ದರೆ ಕ್ರಿಯೆ ನಡೆಯುವುದೇ ಇಲ್ಲ, ಹೆಚ್ಚಿಸಿದರೆ ಆದ ಅಮೋನಿಯಾ ಮತ್ತೆ ಒಡೆಯುತ್ತದೆ. ಹಾಬರ್ ಹಿಡಿದ ಮಧ್ಯದ ದಾರಿ ಎಂದರೆ 500 ಡಿಗ್ರಿಗೂ ಮಿಕ್ಕಿದ ಶಾಖ, ವಾತಾವರಣದ ಒತ್ತಡಕ್ಕಿಂತ ಇನ್ನೂರು ಪಟ್ಟಿನಷ್ಟು ಒತ್ತಡ, ಜೊತೆಗೆ ಕ್ರಿಯಾವರ್ಧಕವಾಗಿ, ಅಂದರೆ ತಾನು ಸವೆಯದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತುವಾಗಿ, ಆಸ್ಮಿಯಂ ಎಂಬ ಅಪರೂಪದ ಲೋಹ.

ಮೇಜಿನ ಮೇಲಿನ ಉಪಕರಣವನ್ನು ಕಾರ್ಖಾನೆಯಾಗಿಸುವ ಹೊಣೆ ಅದೇ ಕಂಪನಿಯ ಎಂಜಿನಿಯರ್ ಕಾರ್ಲ್ ಬಾಷ್‌ನ ಹೆಗಲಿಗೆ ಬಿತ್ತು. ಹಾಬರ್‌ಗೆ ಸಿಕ್ಕ ಹೆಸರಿನ ಅರ್ಧದಷ್ಟೂ ಬಾಷ್‌ಗೆ ಸಿಕ್ಕಿಲ್ಲ ಎಂದು ನನಗೆ ಅನಿಸುವುದುಂಟು. ಅವನ ಸಹೋದ್ಯೋಗಿ ಆಲ್ವಿನ್ ಮಿಟಾಷ್ ಸಾವಿರಾರು ಮಿಶ್ರಣಗಳನ್ನು ಪರೀಕ್ಷಿಸಿ, ದುಬಾರಿ ಆಸ್ಮಿಯಂ ಬದಲು ಸ್ವೀಡನ್ನಿನ ಒಂದು ಬಗೆಯ ಕಬ್ಬಿಣದ ಅದಿರು ಸಾಕೆಂದು ಕಂಡುಕೊಂಡ. ಆದರೆ ಉಕ್ಕಿನ ಕೊಳವೆಗಳು ಸುಮಾರು 80 ಗಂಟೆ ಕೆಲಸ ಮಾಡಿ ಸಿಡಿದುಹೋಗುತ್ತಿದ್ದವು. ಬಾಷ್ ಒಡೆದ ಉಕ್ಕನ್ನು ಕೊಯ್ದು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದ. ಬಿಸಿ ಜಲಜನಕ ಲೋಹದೊಳಗೆ ನುಸುಳಿ, ಉಕ್ಕಿಗೆ ಗಟ್ಟಿತನ ಕೊಡುವ ಇಂಗಾಲವನ್ನೇ ಕಸಿದು ಅದನ್ನು ಪೆಡಸು ಮಾಡುತ್ತಿತ್ತು. ಅವನು ಹೂಡಿದ ಉಪಾಯ ಸರಳ: ಇಂಗಾಲ ಬಹುತೇಕ ಇಲ್ಲದ ಮೆದು ಕಬ್ಬಿಣದ ಒಳಪದರ, ಒತ್ತಡ ತಡೆಯಲು ಉಕ್ಕಿನ ಹೊರಕವಚ, ಆ ಕವಚದ ತುಂಬ ಚಿಕ್ಕ ಚಿಕ್ಕ ರಂಧ್ರ. ನುಸುಳಿದ ಜಲಜನಕ ಉಕ್ಕನ್ನು ಕೆಡಿಸದೆ ರಂಧ್ರಗಳ ಮೂಲಕ ಹೊರಗೆ ಹೋಗುತ್ತಿತ್ತು. 1913ರ ಸೆಪ್ಟೆಂಬರಿನಲ್ಲಿ ಓಪಾವ್ ಎಂಬಲ್ಲಿ ಕಾರ್ಖಾನೆ ಶುರುವಾಯಿತು. ಉದ್ದೇಶ ಗೊಬ್ಬರ.

ಒಂದು ವರ್ಷದಲ್ಲಿ ಉದ್ದೇಶ ಬದಲಾಯಿತು. ಅಮೋನಿಯಾವನ್ನು ದೊಡ್ಡ ಪ್ರಮಾಣದಲ್ಲಿ ನೈಟ್ರೇಟ್ ಮಾಡಿಕೊಡುವುದಾಗಿ ಬಾಷ್ ಸರ್ಕಾರಕ್ಕೆ ಮಾತು ಕೊಟ್ಟ. 1915ರ ಮೇ ಹೊತ್ತಿಗೆ ಮಾತು ಉಳಿಸಿಕೊಂಡ. 1917ರಲ್ಲಿ ಶತ್ರುವಿಮಾನಗಳಿಗೆ ಎಟುಕದಂತೆ ಒಳನಾಡಿನ ಲೋಯ್ನಾದಲ್ಲಿ ಇನ್ನೂ ದೊಡ್ಡ ಕಾರ್ಖಾನೆ ಎದ್ದಿತು. ಕ್ಯಾಲ್ಸಿಯಂ ಸಯನಮೈಡ್ ಎಂಬ ಬೇರೊಂದು ವಿಧಾನವೂ ಸಾಕಷ್ಟು ಸಾರಜನಕ ಒದಗಿಸಿತು, ಆದ್ದರಿಂದ ಎಲ್ಲ ಶ್ರೇಯಸ್ಸನ್ನೂ, ಎಲ್ಲ ಪಾಪವನ್ನೂ ಹಾಬರ್ ಮತ್ತು ಬಾಷ್ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ಗಾಳಿಯಿಂದ ಸಾರಜನಕ ತೆಗೆಯುವ ವಿದ್ಯೆ ಇಲ್ಲದಿದ್ದರೆ ಜರ್ಮನಿ 1916ನ್ನು ದಾಟುವುದು ಕಷ್ಟವಿತ್ತು.

1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಸಾವಿರಾರು ಸಿಲಿಂಡರುಗಳಿಂದ ಕ್ಲೋರಿನ್ ಅನಿಲ ಬಿಟ್ಟ ದಾಳಿಯ ಸೂತ್ರಧಾರನೂ ಹಾಬರನೇ. ನಾಲ್ಕು ದಿನಗಳ ಬಳಿಕ ಭಾರತೀಯ ಸೈನಿಕರ ಲಾಹೋರ್ ಡಿವಿಷನ್ ಅದೇ ರಣರಂಗದಲ್ಲಿ ವಿಷಾನಿಲ ಕುಡಿಯಿತು. ಮೇ ಆರಂಭದಲ್ಲಿ ಹಾಬರನ ಪತ್ನಿ, ಸ್ವತಃ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದಿದ್ದ ಕ್ಲಾರಾ ಇಮ್ಮರ್‌ವಾರ್, ಗಂಡನ ಪಿಸ್ತೂಲಿನಿಂದ ಗುಂಡು ಹಾರಿಸಿಕೊಂಡು ಸತ್ತಳು.

ಮದ್ದಿಗೆ ಹೋದ ಸಾರಜನಕ ಹೊಲಕ್ಕೆ ಹೋಗಲಿಲ್ಲ. ಗೊಬ್ಬರವಿಲ್ಲದೆ ಜರ್ಮನಿಯ ಬೆಳೆ ಕುಸಿಯಿತು. 1916ರಲ್ಲಿ ಆಲೂಗಡ್ಡೆಗೆ ರೋಗ ಬಿತ್ತು, ಸಮುದ್ರದ ದಿಗ್ಬಂಧನದಿಂದ ಆಮದೂ ಇಲ್ಲ. ಆ ಚಳಿಗಾಲದಲ್ಲಿ ಜನ ದನದ ಮೇವಿನ ಟರ್ನಿಪ್ ಗಡ್ಡೆಯನ್ನು ಬೇಯಿಸಿ ತಿಂದರು, ರೊಟ್ಟಿಗೂ ಅದನ್ನೇ ಬೆರೆಸಿದರು. ಯುದ್ಧ ಮುಗಿಯುವಷ್ಟರಲ್ಲಿ ಹಸಿವು ಮತ್ತು ಅದರ ಬೆನ್ನಿಗೆ ಬಂದ ರೋಗಗಳಿಂದ ಲಕ್ಷಾಂತರ ನಾಗರಿಕರು ಸತ್ತರು.

ದಿಗ್ಬಂಧನದ ಬಿಸಿ ಮೈಸೂರು ಸಂಸ್ಥಾನಕ್ಕೂ ತಟ್ಟಿತು. ಇಲ್ಲಿನ ಶ್ರೀಗಂಧದ ಕೊರಡು ಬಹುಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಯುದ್ಧ ಬಂದು ಕೊರಡು ಇಲ್ಲೇ ಬಿದ್ದಾಗ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ರೂಪಿಸಿದರು. 1916ರಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಮೈಸೂರು ಸ್ಯಾಂಡಲ್ ಸಾಬೂನು ಬಂದದ್ದು ಆಮೇಲೆ. ಹೈಫಾದಲ್ಲಿ 1918ರ ಸೆಪ್ಟೆಂಬರ್ 23ರಂದು ಹೋರಾಡಿದ ಮೈಸೂರು ಲ್ಯಾನ್ಸರ್ಸ್ ಪಡೆಯನ್ನು ನಾವು ನೆನೆಯುತ್ತೇವೆ. ಈ ಎಣ್ಣೆಯೂ ಅದೇ ಯುದ್ಧದ ಕೂಸು ಎಂಬುದು ಅಷ್ಟಾಗಿ ಯಾರಿಗೂ ಹೊಳೆಯುವುದಿಲ್ಲ.

ಓಪಾವ್ ಕಾರ್ಖಾನೆ ಯುದ್ಧದ ನಂತರ ಗೊಬ್ಬರಕ್ಕೆ ಮರಳಿತು. ಅಲ್ಲಿ ಅಮೋನಿಯಂ ಸಲ್ಫೇಟ್ ಮತ್ತು ನೈಟ್ರೇಟಿನ ಮಿಶ್ರಣ ರಾಶಿಯಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಅದನ್ನು ಸಣ್ಣ ಸಿಡಿತಗಳಿಂದ ಸಡಿಲಿಸುವುದು ಕೆಲಸಗಾರರ ರೂಢಿ. ಸಾವಿರಾರು ಸಲ ಏನೂ ಆಗಿರಲಿಲ್ಲ. 1921ರ ಸೆಪ್ಟೆಂಬರ್ 21ರ ಬೆಳಿಗ್ಗೆ 4,500 ಟನ್ನಿನ ರಾಶಿಯ ಒಂದು ಭಾಗ ಸಿಡಿಯಿತು. ಐನೂರಕ್ಕೂ ಹೆಚ್ಚು ಜನ ಸತ್ತರು, ಊರಿನ ಬಹುಪಾಲು ಮನೆಗಳು ನೆಲಸಮವಾದವು. ಕೆಲವೇ ತಿಂಗಳಲ್ಲಿ ಕಾರ್ಖಾನೆಯನ್ನು ದುರಸ್ತಿ ಮಾಡಿ ಅಮೋನಿಯಾ ತಯಾರಿಕೆಯನ್ನು ಮತ್ತೆ ಆರಂಭಿಸಿದರು.