ಅನಾರ್ಥೊಸೈಟ್: ಸರಳವಾಗಿ ಕಾಣುವ ಕಲ್ಲು, ಬಗೆಹರಿಯದ ತಕರಾರು

2024ರ ಆಗಸ್ಟ್ ತಿಂಗಳಲ್ಲಿ ಅನಾರ್ಥೊಸೈಟ್ ಎಂಬ ಕಲ್ಲಿನ ಬಗ್ಗೆ ಎರಡು ಪ್ರಬಂಧಗಳು ಬೆನ್ನುಬೆನ್ನಿಗೆ ಬಂದವು. ಒಂದು ಚಂದ್ರಯಾನ-3ರದ್ದು. ಪ್ರಜ್ಞಾನ್ ರೋವರ್ ಚಂದ್ರನ ದಕ್ಷಿಣ ಭಾಗದಲ್ಲಿ 103 ಮೀಟರ್ ಓಡಾಡಿ 23 ಸಲ ಮಣ್ಣು ಪರೀಕ್ಷಿಸಿತ್ತು. ಆ ಮಣ್ಣಿನಲ್ಲಿ ಇದ್ದದ್ದು ಬಹುಪಾಲು ಈ ಕಲ್ಲಿನ ಪುಡಿಯೇ. ಚಂದ್ರ ಹುಟ್ಟಿದಾಗ ಪೂರ್ತಿ ಕರಗಿದ ಕಲ್ಲಿನ ಸಮುದ್ರವಾಗಿತ್ತು ಎಂಬ ಮಾತಿಗೆ ಇದು ಹೊಂದುತ್ತದೆ ಎಂದು ಆ ಪ್ರಬಂಧ ಹೇಳಿತು. ಇನ್ನೊಂದು ಭೂಮಿಯದು. ಅಮೆರಿಕ ಮತ್ತು ಕೆನಡಾದ ಎರಡು ದೊಡ್ಡ ಅನಾರ್ಥೊಸೈಟ್ ರಾಶಿಗಳಲ್ಲಿ, ಭೂಮಿಯೊಳಕ್ಕೆ ಜಾರಿಹೋದ ಹಳೆಯ ಸಮುದ್ರತಳ ಕರಗಿದ ಗುರುತು ಇದೆ ಎಂದು ಅದು ಹೇಳಿತು. ಹೆಸರು ಒಂದೇ, ಕತೆಗಳು ಎರಡು. ಎರಡನ್ನೂ ಓದಿದವರಿಗೆ ತಲೆ ಕೆಟ್ಟರೆ ಆಶ್ಚರ್ಯವಿಲ್ಲ, ಏಕೆಂದರೆ ಈ ಗೊಂದಲಕ್ಕೆ ನೂರು ವರ್ಷಕ್ಕಿಂತ ಜಾಸ್ತಿ ವಯಸ್ಸು.

ಮೊದಲು ಕಲ್ಲಿನ ಪರಿಚಯ. ಇದು ಅಗ್ನಿಶಿಲೆ. ನೂರಕ್ಕೆ 90 ಭಾಗಕ್ಕೂ ಮೀರಿ ಒಂದೇ ಖನಿಜ: ಪ್ಲೇಜಿಯೋಕ್ಲೇಸ್ ಎಂಬ ಫೆಲ್ಡ್‌ಸ್ಪಾರ್. ಈ ಖನಿಜ ಅಪರೂಪದ್ದೇನಲ್ಲ, ಬಸಾಲ್ಟ್‌ನಲ್ಲೂ ಇದೆ, ಗ್ರಾನೈಟ್‌ನಲ್ಲೂ ಇದೆ. ಆದರೆ ಅಲ್ಲೆಲ್ಲ ಜೊತೆಗೆ ಬೇರೆ ಖನಿಜಗಳೂ ಇರುತ್ತವೆ. ಇಲ್ಲಿ ಅದು ಒಂಟಿ. ಅದೂ ಸಣ್ಣ ಪ್ರಮಾಣದಲ್ಲಲ್ಲ. ಕೆನಡಾದ ಲಾಕ್ ಸೇಂಟ್ ಜಾನ್ ಸುತ್ತ ಸುಮಾರು 20,000 ಚದರ ಕಿಲೋಮೀಟರ್ ತುಂಬ ಇದೇ ಜಾತಿಯ ಕಲ್ಲು. ಉಳಿದ ಖನಿಜಗಳೆಲ್ಲ ಎಲ್ಲಿ ಹೋದವು? ಇಡೀ ಜಗಳ ಇಷ್ಟೇ.

19ನೇ ಶತಮಾನದಲ್ಲಿ ಕೆನಡಾದ ಭೂವಿಜ್ಞಾನಿಗಳು ಇದನ್ನು ಹಳೆಯ ಪದರಶಿಲೆಯೊಂದು ಬಿಸಿಗೆ ರೂಪ ಬದಲಿಸಿದ್ದು ಎಂದೇ ಎಣಿಸಿದ್ದರು. 1890ರ ದಶಕದಲ್ಲಿ ಫ್ರಾಂಕ್ ಆಡಮ್ಸ್ ಕೆನಡಾದ ಮೊರಿನ್ ಪ್ರದೇಶವನ್ನು ಸುತ್ತಿ, ಅಲ್ಲ, ಇದು ಕೆಳಗಿಂದ ನುಗ್ಗಿ ಬಂದ ಅಗ್ನಿಶಿಲೆ ಎಂದು ತೋರಿಸಿದರು. ಅಲ್ಲಿಗೆ ಒಂದು ಪ್ರಶ್ನೆ ಮುಗಿಯಿತು, ನಿಜವಾದ ಪ್ರಶ್ನೆ ಶುರುವಾಯಿತು.

ಅದನ್ನು ಸರಿಯಾಗಿ ಕೇಳಿದವರು ಎನ್.ಎಲ್. ಬೋವೆನ್. ವಾಷಿಂಗ್ಟನ್ನಿನ ಪ್ರಯೋಗಾಲಯವೊಂದರಲ್ಲಿ ಖನಿಜಗಳನ್ನು ಕರಗಿಸಿ ಅಳೆಯುವುದೇ ಅವರ ಕೆಲಸ. 1917ರ ಪ್ರಬಂಧದಲ್ಲಿ ಅವರ ವಾದ ನೇರವಾಗಿತ್ತು. ಈ ಕಲ್ಲು ಪೂರ್ತಿ ದ್ರವವಾಗಿ ಇರಬೇಕಾದರೆ 1400 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಬಿಸಿ ಬೇಕು. ಜ್ವಾಲಾಮುಖಿಯಿಂದ ಬರುವ ಬಸಾಲ್ಟ್ ಲಾವಾ 1200ರ ಆಸುಪಾಸು ಇರುತ್ತದೆ. ಅನಾರ್ಥೊಸೈಟ್ ಲಾವಾ ಎಲ್ಲೂ ಕಂಡಿಲ್ಲ. ಕಲ್ಲಿನೊಳಗಿನ ಹರಳುಗಳೋ, ಬಾಗಿವೆ, ಮುರಿದಿವೆ, ಅಂಚು ಪುಡಿಯಾಗಿವೆ. ಆದ್ದರಿಂದ ಇದು ದ್ರವವಾಗಿ ಬಂದದ್ದಲ್ಲ. ಬಸಾಲ್ಟ್ ಥರದ ಮ್ಯಾಗ್ಮಾದಲ್ಲಿ, ಅಂದರೆ ನೆಲದೊಳಗಿನ ಕರಗಿದ ಕಲ್ಲಿನಲ್ಲಿ, ಮೊದಲೇ ಹುಟ್ಟಿದ ಪ್ಲೇಜಿಯೋಕ್ಲೇಸ್ ಹರಳುಗಳು ಒಂದೆಡೆ ಗುಂಪುಗೂಡಿ ಆದದ್ದು.

ಈ ವಾದವನ್ನು ಎಲ್ಲರೂ ಒಪ್ಪಲಿಲ್ಲ. ಅಮೆರಿಕದ ಆಡಿರಾಂಡ್ಯಾಕ್ ಬೆಟ್ಟಗಳಲ್ಲಿ ವರ್ಷಗಟ್ಟಲೆ ನಕ್ಷೆ ಮಾಡಿದ ಎ.ಎಫ್. ಬಡಿಂಗ್ಟನ್ ಅವರಿಗೆ ಅಲ್ಲಿನ ಕಲ್ಲು ಸುತ್ತಲಿನ ಬಂಡೆಗಳಿಗೆ ನುಗ್ಗಿದ ರೀತಿ ನೋಡಿದರೆ, ಪ್ಲೇಜಿಯೋಕ್ಲೇಸ್ ಜಾಸ್ತಿ ಇದ್ದ ಒಂದು ಮ್ಯಾಗ್ಮಾ ಇದ್ದೇ ಇತ್ತು ಅನ್ನಿಸಿತ್ತು. ಇನ್ನು ಕೆಲವರು ನೀರು ಬೆರೆತರೆ ಕರಗುವ ಬಿಸಿ ಇಳಿಯುತ್ತದಲ್ಲ ಅಂದರು. ಇಳಿಯುತ್ತದೆ, ನಿಜ. ಆದರೆ ಈ ಕಲ್ಲುಗಳಲ್ಲಿ ನೀರಿನ ಗುರುತೇ ಇಲ್ಲ. ಪ್ಲೇಜಿಯೋಕ್ಲೇಸ್ ಬಿಟ್ಟು ಉಳಿದ ಅಲ್ಪ ಭಾಗದಲ್ಲಿ, ಮೈಕಾ ಥರದ ನೀರು ಹಿಡಿಯುವ ಖನಿಜದ ಬದಲು ಪೈರಾಕ್ಸೀನ್ ಎಂಬ ಒಣ ಖನಿಜ ಇದೆ. ಪ್ರಯೋಗಾಲಯ ಒಂದು ಹೇಳಿತು, ಬೆಟ್ಟ ಒಂದು ಹೇಳಿತು. ಇಬ್ಬರ ಬಳಿಯೂ ಅರ್ಧರ್ಧ ಉತ್ತರ ಇತ್ತು ಎಂದು ಈಗ ಹೇಳುವುದು ಸುಲಭ, ಆಗ ಸುಲಭವಿರಲಿಲ್ಲ.

ಮಧ್ಯೆ ಚಂದ್ರ ಬಂದ. 1969ರಲ್ಲಿ ಅಪೊಲೊ 11 ತಂದ ಮಣ್ಣಿನಲ್ಲಿ ಸಣ್ಣ ಬಿಳಿ ಚೂರುಗಳಿದ್ದವು. ಅವು ಅನಾರ್ಥೊಸೈಟ್. ಜಾನ್ ವುಡ್ ಮತ್ತು ಜೊತೆಗಾರರು ಆ ಚೂರುಗಳನ್ನು ಹಿಡಿದುಕೊಂಡೇ ದೊಡ್ಡ ಮಾತು ಹೇಳಿದರು: ಚಂದ್ರನ ಹೊರಪದರವೆಲ್ಲ ಇದೇ ಕಲ್ಲು, ಕರಗಿದ ಸಮುದ್ರದ ಮೇಲೆ ಹಗುರ ಪ್ಲೇಜಿಯೋಕ್ಲೇಸ್ ತೇಲಿ ಗಟ್ಟಿಯಾಗಿದೆ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಮತ್ತು ಜೇಮ್ಸ್ ಇರ್ವಿನ್ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ತುಂಡನ್ನೇ ತಂದರು. ಆಮೇಲೆ ಚಂದ್ರಯಾನ-1 ಮತ್ತು ಜಪಾನಿನ ಕಗುಯಾ ಕಕ್ಷೆಯಿಂದಲೇ ಶುದ್ಧ ಅನಾರ್ಥೊಸೈಟ್ ಕಂಡವು.

ಚಂದ್ರನ ಕತೆ ಎಷ್ಟು ಚೆನ್ನಾಗಿದೆ ಎಂದರೆ, ಭೂಮಿಯದೂ ಅದೇ ಎಂದು ಜನ ಅಂದುಕೊಳ್ಳತೊಡಗಿದರು. ಅಲ್ಲ. ಚಂದ್ರನ ಪ್ಲೇಜಿಯೋಕ್ಲೇಸ್‌ನಲ್ಲಿ ಬಹುತೇಕ ಬರೀ ಕ್ಯಾಲ್ಸಿಯಂ, ವಯಸ್ಸು 430 ಕೋಟಿ ವರ್ಷಕ್ಕೂ ಹೆಚ್ಚು. ಭೂಮಿಯ ದೊಡ್ಡ ರಾಶಿಗಳಲ್ಲಿ ಕ್ಯಾಲ್ಸಿಯಂ ಮತ್ತು ಸೋಡಿಯಂ ಹೆಚ್ಚುಕಡಿಮೆ ಸಮಪಾಲು. ಕೆನಡಾದ ಲ್ಯಾಬ್ರಡಾರ್ ಕರಾವಳಿಯ ನೀಲಿ ಮಿನುಗಿನ ಹರಳು ನೋಡಿದ್ದೀರಲ್ಲ, ಅದು ಇಂಥ ಪ್ಲೇಜಿಯೋಕ್ಲೇಸೇ. ಇವುಗಳ ವಯಸ್ಸೂ ತೀರಾ ಕಡಿಮೆ. ಆಡಿರಾಂಡ್ಯಾಕ್‌ನ ಮಾರ್ಸಿ ರಾಶಿ ಸುಮಾರು 115 ಕೋಟಿ ವರ್ಷದ್ದು, ನಾರ್ವೆಯ ರೋಗಾಲಾಂಡ್ 93 ಕೋಟಿ. ಭೂಮಿ ಆಗ ಗಟ್ಟಿಯಾಗಿ ಮುನ್ನೂರು ಕೋಟಿ ವರ್ಷದ ಮೇಲಾಗಿತ್ತು, ತೇಲುವುದಕ್ಕೆ ಕರಗಿದ ಕಲ್ಲಿನ ಸಮುದ್ರವೇ ಇರಲಿಲ್ಲ.

ಅಷ್ಟೇ ಅಲ್ಲ, ಭೂಮಿಯಲ್ಲೇ ಮತ್ತೆ ಬೇರೆ ಬೇರೆ ಜಾತಿಗಳಿವೆ. ದಕ್ಷಿಣ ಆಫ್ರಿಕಾದ ಬುಷ್‌ವೆಲ್ಡ್‌ನಂಥ ಕಡೆ ಪದರ ಪದರವಾದ ದೊಡ್ಡ ಅಗ್ನಿಶಿಲೆಯ ನಡುವೆ ಇದು ಒಂದು ಪಟ್ಟಿ, ಅಷ್ಟೇ. ಗ್ರೀನ್‌ಲ್ಯಾಂಡಿನ ಫಿಸ್ಕೆನೆಸೆಟ್‌ನಲ್ಲಿ ಸುಮಾರು 297 ಕೋಟಿ ವರ್ಷ ಹಳೆಯ, ಕ್ಯಾಲ್ಸಿಯಂ ಜಾಸ್ತಿ ಇರುವ ಬಗೆ ಇದೆ. ತಮಿಳುನಾಡಿನ ಸಿತ್ತಂಪೂಂಡಿಯದೂ ಈ ಹಳೆಯ ಗುಂಪಿಗೇ ಸೇರಿದ್ದು. ಚಂದ್ರಯಾನ-2ರ ಪರೀಕ್ಷೆಗೆ ಇಸ್ರೊ ಚಂದ್ರನ ಮಣ್ಣಿನ ನಕಲು ಮಾಡಿದ್ದು ಆ ಕಲ್ಲಿನಿಂದಲೇ. ಆಯ್ಕೆ ಸರಿಯಾಗಿಯೇ ಇತ್ತು, ಒಳಗಿನ ರಸಾಯನ ಹತ್ತಿರದ್ದು. ಹುಟ್ಟಿದ ಬಗೆ ಮಾತ್ರ ಬೇರೆ. ಇಷ್ಟೆಲ್ಲವನ್ನೂ ಒಂದೇ ಹೆಸರಿನಲ್ಲಿ ಕಟ್ಟಿಹಾಕಿ ಒಂದೇ ಉತ್ತರ ಹುಡುಕಿದ್ದರಿಂದ ಹಲವು ವರ್ಷ ಸುಮ್ನೆ ಕಳೆದವು ಅನ್ನಿಸುತ್ತದೆ.

ಈಗ ನಿಜವಾದ ತಿರುವಿಗೆ ಬರೋಣ. ಅದು ಬಂದದ್ದು ಚಂದ್ರನಿಂದಲ್ಲ, ಹಲವು ರಾಶಿಗಳೊಳಗೆ ಅಲ್ಲಲ್ಲಿ ಸಿಕ್ಕಿಕೊಂಡಿದ್ದ ದೈತ್ಯ ಪೈರಾಕ್ಸೀನ್ ಹರಳುಗಳಿಂದ. ಕೆಲವು ಒಂದು ಮೀಟರಿನವರೆಗೂ ಉದ್ದ. ಅವುಗಳಲ್ಲಿ ಅಲ್ಯೂಮಿನಿಯಂ ವಿಪರೀತ. ಪೈರಾಕ್ಸೀನ್ ಅಷ್ಟು ಅಲ್ಯೂಮಿನಿಯಂ ಒಳಗೆ ಸೇರಿಸಿಕೊಳ್ಳುವುದು ಭಾರೀ ಒತ್ತಡದಲ್ಲಿ ಮಾತ್ರ. ಕೆನಡಾದ ರೊನಾಲ್ಡ್ ಎಮ್ಸ್‌ಲಿ 1975ರಲ್ಲಿ ಇದನ್ನು ಎತ್ತಿ ಹೇಳಿದರು. ಆಮೇಲಿನ ಪ್ರಯೋಗಗಳು ಒತ್ತಡವನ್ನು 10ರಿಂದ 13 ಕಿಲೋಬಾರ್ (ಒಂದು ಕಿಲೋಬಾರ್ ಎಂದರೆ ಗಾಳಿಯ ಒತ್ತಡದ ಸುಮಾರು ಸಾವಿರ ಪಟ್ಟು) ಎಂದು ಅಂದಾಜಿಸಿದವು. ಅಂದರೆ 35–45 ಕಿಲೋಮೀಟರ್ ಆಳ, ಭೂತೊಗಟೆಯ ತಳ. ಆದರೆ ಈ ರಾಶಿಗಳು ಕೊನೆಗೆ ಗಟ್ಟಿಯಾದದ್ದು ಅದಕ್ಕಿಂತ ಎಷ್ಟೋ ಮೇಲೆ. ಲ್ಯಾಬ್ರಡಾರ್‌ನ ನೈನ್ ಸುತ್ತ ಬಿಸಿಗೆ ಬದಲಾದ ಬಂಡೆಗಳು ಬರೀ 4–6 ಕಿಲೋಬಾರ್ ಒತ್ತಡ ತೋರಿಸುತ್ತವೆ.

ಈ ಹರಳುಗಳೊಳಗೆ ಇನ್ನೊಂದು ಗುಟ್ಟಿತ್ತು. ಪೈರಾಕ್ಸೀನ್ ನಡುವೆ ಪ್ಲೇಜಿಯೋಕ್ಲೇಸ್‌ನ ತೆಳು ಹಾಳೆಗಳು ಸಾಲುಸಾಲಾಗಿ ನಿಂತಿದ್ದವು. ಹರಳು ಮೇಲಕ್ಕೆ ಬಂದಂತೆ ಒತ್ತಡ ಇಳಿಯಿತು, ಒಳಗೆ ಹಿಡಿದಿಟ್ಟುಕೊಂಡಿದ್ದ ಅಲ್ಯೂಮಿನಿಯಂ ಹೊರಬಂದು ಹಾಳೆಯಾಯಿತು. ಅಂದರೆ ಮೇಲೇರಿದ ದಾರಿಯ ದಾಖಲೆಯನ್ನು ಹರಳೇ ಇಟ್ಟುಕೊಂಡಿದೆ.

ಇದರಿಂದ ಹೊಸ ಚಿತ್ರ ಮೂಡಿತು. ತೊಗಟೆಯ ತಳದಲ್ಲಿ ಮ್ಯಾಗ್ಮಾ ನಿಲ್ಲುತ್ತದೆ. ಅಲ್ಲಿ ಒಲಿವೀನ್, ಪೈರಾಕ್ಸೀನ್ ಖನಿಜಗಳು ಭಾರವಾಗಿ ಮುಳುಗುತ್ತವೆ. ಒತ್ತಡಕ್ಕೆ ಹರಳಿಗಿಂತ ದ್ರವವೇ ಜಾಸ್ತಿ ಕುಗ್ಗುವುದರಿಂದ, ಆ ಆಳದಲ್ಲಿ ಪ್ಲೇಜಿಯೋಕ್ಲೇಸ್ ಚೆನ್ನಾಗಿ ತೇಲುತ್ತದೆ. ತೇಲಿ ಕೂಡಿದ ಹರಳುಗಳ ನಡುವೆ ಸ್ವಲ್ಪ ದ್ರವ ಉಳಿದಿರುತ್ತದೆ. ಸುತ್ತಲಿನ ಬಂಡೆಗಿಂತ ಹಗುರವಾದ ಈ ಮಂದ ಹರಳುಗೆಸರು ನಿಧಾನವಾಗಿ ಗುಮ್ಮಟದಂತೆ ಉಬ್ಬಿ ಮೇಲೇರುತ್ತದೆ. ಹರಳುಗಳು ಬಾಗಿದ್ದು, ಮುರಿದದ್ದು ಈ ಏರುವಾಗಲೇ. ಬೋವೆನ್ ಹೇಳಿದ ಹರಳುಗುಂಪು ಉಳಿಯಿತು, ಬಡಿಂಗ್ಟನ್ ಕಂಡ ನುಗ್ಗುವಿಕೆಯೂ ಉಳಿಯಿತು. ಎರಡೂ ಬೇರೆ ಬೇರೆ ಆಳದಲ್ಲಿ ನಡೆದದ್ದು. ನನ್ನ ಮಟ್ಟಿಗೆ ಈ ಸಮಸ್ಯೆಯಲ್ಲಿ ಗಟ್ಟಿಯಾಗಿ ನಿಂತ ಭಾಗ ಇದೇ.

ಇದೇ ಹೊತ್ತಿಗೆ ಜೊತೆಗಾರ ಕಲ್ಲುಗಳ ಗಂಟೂ ಸಡಿಲವಾಯಿತು. ಅನಾರ್ಥೊಸೈಟ್ ಸುತ್ತ ಗ್ರಾನೈಟ್ ಮತ್ತು ಅದರ ಥರದ ಮ್ಯಾಂಜರೈಟ್, ಚಾರ್ನೊಕೈಟ್ ಎಂಬ ಕಲ್ಲುಗಳು ಸಾಮಾನ್ಯವಾಗಿ ಇರುತ್ತವೆ. ಅದೇ ಮ್ಯಾಗ್ಮಾದ ಉಳಿಕೆ ಇವು ಎಂದು ಬೋವೆನ್ ಕಾಲದಿಂದ ಹಲವರು ನಂಬಿದ್ದರು. ಜಿರ್ಕಾನ್ ಹರಳುಗಳ ವಯಸ್ಸು ಅಳೆದಾಗ ಎಲ್ಲ ಒಂದೇ ಕಾಲದವು ಎಂದು ಕಂಡಿತು. ಆದರೆ ರಸಾಯನ ಮತ್ತು ಐಸೊಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಬೇರೆ ಮಾತು ಹೇಳಿದವು. ಅನಾರ್ಥೊಸೈಟ್ ತಂದ ಬಿಸಿಗೆ ಹಳೆಯ ತೊಗಟೆ ಕರಗಿ ಈ ಗ್ರಾನೈಟ್‌ಗಳು ಬಹುಮಟ್ಟಿಗೆ ಆದವು. ನೆರೆಹೊರೆಯವರು ಹೌದು, ಒಂದೇ ಮನೆಯವರಲ್ಲ.

ಇನ್ನು ಉಳಿದದ್ದು ಮೂಲ ಮ್ಯಾಗ್ಮಾ ಎಲ್ಲಿಯದು ಎಂಬುದು. ಇಲ್ಲಿ ಕತ್ತಲೆ ಜಾಸ್ತಿ. ತೊಗಟೆಯ ಕೆಳಗಿನ ಪದರವಾದ ಮ್ಯಾಂಟಲ್‌ನಿಂದ ಬಂದ ಬಸಾಲ್ಟ್ ತೊಗಟೆಯನ್ನು ಒಂದಿಷ್ಟು ಕರಗಿಸಿಕೊಂಡಿತು ಎನ್ನುವುದು ಒಂದು ಪಕ್ಷ. ಹಾಗಾದರೆ ಮುಳುಗಿದ ಒಲಿವೀನ್, ಪೈರಾಕ್ಸೀನ್ ರಾಶಿ ಎಲ್ಲಿ? ಅದು ಭಾರಕ್ಕೆ ಮತ್ತೆ ಮ್ಯಾಂಟಲ್‌ಗೇ ಜಾರಿತು ಎಂಬ ಉತ್ತರ ಇದೆ. ಜಾರಿರಬಹುದು, ಆದರೆ ಸಾಕ್ಷಿಯೂ ಅದರ ಜೊತೆಗೇ ಜಾರಿತಲ್ವಾ? ಇನ್ನೊಂದು ಪಕ್ಷ ಪ್ರಯೋಗ ಮುಂದಿಟ್ಟಿತು. 1999ರಲ್ಲಿ ಜಾನ್ ಲೋಂಗಿ ಮತ್ತು ಸಂಗಡಿಗರು, ರೋಗಾಲಾಂಡಿನ ಮೂಲ ಮ್ಯಾಗ್ಮಾ ಎಂದು ಎಣಿಸಿದ ಸಂಯೋಜನೆ ಅಷ್ಟು ಒತ್ತಡದಲ್ಲಿ ಮ್ಯಾಂಟಲ್ ದ್ರವದಿಂದ ಬರುವುದಿಲ್ಲ, ತೊಗಟೆಯ ತಳವೇ ಕರಗಬೇಕು ಎಂದರು. 2000ದಲ್ಲಿ ರೀನಿಯಂ–ಆಸ್ಮಿಯಂ ಐಸೊಟೋಪ್‌ಗಳೂ ರೋಗಾಲಾಂಡ್ ಬಗ್ಗೆ ಅದೇ ಕಡೆ ವಾಲಿದವು.

ವಯಸ್ಸಿನ ಲೆಕ್ಕವೂ ಸಿಕ್ಕಾಗಿದೆ. 1996ರಲ್ಲಿ ರೋಗಾಲಾಂಡಿನ ಆ ದೈತ್ಯ ಹರಳುಗಳೊಳಗಿನ ಜಿರ್ಕಾನ್ ಅಳೆದವರಿಗೆ ಸುಮಾರು 93 ಕೋಟಿ ವರ್ಷ ಸಿಕ್ಕಿತು. ಅಂದರೆ ಎಲ್ಲ ಚಕಚಕ ಮುಗಿದ ಕೆಲಸ. 2014ರಲ್ಲಿ ಗ್ರಾಂಟ್ ಬೈಬಿ ತಂಡ ಅಲ್ಲಿನ ಅಂಥದೇ ಹರಳುಗಳನ್ನು, ಸಮೇರಿಯಂ ಧಾತು ನಿಧಾನವಾಗಿ ನಿಯೋಡಿಮಿಯಂ ಆಗುವ ಗತಿಯಿಂದ ಅಳೆದಾಗ 104 ಕೋಟಿ ಬಂತು. ಹಾಗಾದರೆ ತಳದಲ್ಲಿ ಹರಳು ಹುಟ್ಟಿ ಮೇಲೆ ಬರಲು ಹತ್ತು ಕೋಟಿ ವರ್ಷ! ಲ್ಯಾಬ್ರಡಾರ್‌ನ ಮೀಲಿ ಬೆಟ್ಟಗಳಲ್ಲೂ ಅಷ್ಟೇ ಅಂತರ. ಇಷ್ಟು ದೀರ್ಘಕಾಲ ಬಿಸಿ ಕೊಡಬಲ್ಲದ್ದು ಆಂಡೀಸ್ ಥರದ, ಒಂದು ಭೂಫಲಕ ಇನ್ನೊಂದರ ಕೆಳಕ್ಕೆ ಜಾರುವ ಅಂಚು ಎಂದು ಅವರು ವಾದಿಸಿದರು. ಸೀಳುತ್ತಿರುವ ಶಾಂತ ಖಂಡದ ನಡುವೆ ಇವು ಹುಟ್ಟಿದವು ಎಂಬ ಹಳೆಯ ಪಾಠಕ್ಕೆ ಇದು ನೇರ ವಿರುದ್ಧ. ಎರಡು ಗಡಿಯಾರಗಳಲ್ಲಿ ಯಾವುದನ್ನು ನಂಬಬೇಕು ಎಂಬ ಮಾತು ಮುಖ್ಯ, ಯಾಕೆಂದರೆ ಸಮೇರಿಯಂ ಗಡಿಯಾರ ವಯಸ್ಸು ಓದುವುದು ಹರಳುಗಳ ಅಳತೆಗಳು ಗ್ರಾಫ್‌ನಲ್ಲಿ ಕೂರುವ ನೇರ ಗೆರೆಯಿಂದ; ಬೇರೆ ಬೇರೆ ಪ್ರಮಾಣದಲ್ಲಿ ತೊಗಟೆ ಬೆರೆತ ಹರಳುಗಳೂ ಗ್ರಾಫ್‌ನಲ್ಲಿ ನೇರ ಗೆರೆಯಾಗಿ ಕೂತು ಸುಳ್ಳು ವಯಸ್ಸು ಕೊಡಬಲ್ಲವು.

2024ರ ಭೂಮಿಯ ಪ್ರಬಂಧ ಸೇರಿದ್ದು ಈ ಜಾಗಕ್ಕೆ. ಡಂಕನ್ ಕೆಲ್ಲರ್, ಸಿನ್-ಟಿ ಲೀ ಮತ್ತಿತರರು ಮಾರ್ಸಿ ಮತ್ತು ಮೊರಿನ್ ಕಲ್ಲುಗಳಲ್ಲಿ ಬೋರಾನ್ ಸೇರಿದಂತೆ ಹಲವು ಐಸೊಟೋಪ್‌ಗಳನ್ನು ನೋಡಿದರು. ಬೋರಾನ್ ಯಾಕೆಂದರೆ, ಸಮುದ್ರನೀರು ತಾಗಿದ ಕಲ್ಲಿನಲ್ಲಿ ಅದರ ಗುರುತು ಉಳಿಯುತ್ತದೆ. ಆ ಗುರುತು ಸಿಕ್ಕಿದೆ. ಅವರ ವಿವರಣೆ ಹೀಗೆ: ಆಗ ಮ್ಯಾಂಟಲ್ ಇಂದಿಗಿಂತ ಬಿಸಿಯಿತ್ತು, ಒಳಕ್ಕೆ ಜಾರಿದ ಸಮುದ್ರತಳ ತಾನೇ ಕರಗುತ್ತಿತ್ತು. ಭೂಮಿ ತಣ್ಣಗಾದಂತೆ ಅದು ಕರಗುವುದು ಅಪರೂಪವಾಯಿತು, ಈ ರಾಶಿಗಳೂ ನಿಂತವು.

ಈ ದೊಡ್ಡ ರಾಶಿಗಳು ಯಾಕೆ ಆ ಒಂದು ಕಾಲಘಟ್ಟದಲ್ಲಿ ಮಾತ್ರ ಹುಟ್ಟಿದವು ಎಂಬುದಕ್ಕೆ ಇದು ಈವರೆಗಿನ ಉತ್ತರಗಳಲ್ಲಿ ಹೆಚ್ಚು ಕೈಗೆ ಸಿಗುವಂಥದ್ದು. 1969ರಲ್ಲಿ ನಾರ್ಮನ್ ಹರ್ಜ್ ಇದನ್ನೆಲ್ಲ ಒಂದೇ ಭಾರೀ ಘಟನೆ ಎಂದಿದ್ದರು. ವಯಸ್ಸುಗಳು ನಿಖರವಾದಂತೆ ಆ ಘಟನೆ ಚೂರುಚೂರಾಗಿ ನೂರು ಕೋಟಿ ವರ್ಷಕ್ಕೂ ಮೀರಿ ಹರಡಿತು. ನಿಧಾನ ತಂಪಾಗುವಿಕೆ ಅಂಥ ಹರಡುವಿಕೆಗೆ ಹೊಂದುತ್ತದೆ. ಆದರೆ ಬೋರಾನ್ ನೋಡಿದ್ದು ಎರಡು ರಾಶಿಗಳಲ್ಲಿ, ಅವೂ ಒಂದೇ ಭೂವೈಜ್ಞಾನಿಕ ಪ್ರಾಂತ್ಯದವು. ರೋಗಾಲಾಂಡ್, ಅಂಗೋಲಾದ ಕುನೇನೆ, ಒಡಿಶಾದ ಚಿಲಿಕಾ, ಉಕ್ರೇನಿನ ಕೊರೊಸ್ಟೆನ್‌ಗಳಲ್ಲೂ ಅದೇ ಗುರುತು ಸಿಕ್ಕರೆ ತೊಗಟೆ ಪಕ್ಷದವರು ಹೊಸ ಉತ್ತರ ಹುಡುಕಬೇಕಾಗುತ್ತದೆ. ಸಿಗದಿದ್ದರೆ ಈ ದೊಡ್ಡ ರಾಶಿಗಳಲ್ಲೂ ಒಂದಕ್ಕಿಂತ ಹೆಚ್ಚು ಬಗೆಗಳಿವೆ ಎಂದಾಯಿತು.